ನೂರು ವ್ಯಾಟಿನ ರಿಗ್ ಮತ್ತು ಒಂದು ಇನ್ವರ್ಟರ್ ಬ್ಯಾಟರಿ

ನನ್ನದು ಹ್ಯಾಮ್ ರೇಡಿಯೋ ಹವ್ಯಾಸ, ಅಂದರೆ ಲೈಸೆನ್ಸ್ ಪಡೆದು ಸ್ವಂತ ರೇಡಿಯೋದಿಂದ ದೂರದವರ ಜೊತೆ ಮಾತಾಡುವುದು. ನಮ್ಮ ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ಅಡಕೆ ತೋಟದ ಮಧ್ಯೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಅಂಥ ಒಂದು ಜುಲೈ ಬೆಳಿಗ್ಗೆ 40 ಮೀಟರ್ ಬ್ಯಾಂಡಿನಲ್ಲಿ ಕೂತಿದ್ದೆ. 150 ಎಎಚ್ ಇನ್ವರ್ಟರ್ ಬ್ಯಾಟರಿಯಿಂದ ನೇರವಾಗಿ ರಿಗ್ಗಿಗೆ (ಕಳಿಸುವ, ಕೇಳುವ ಎರಡೂ ಕೆಲಸದ ರೇಡಿಯೋ) ವೈರ್ ಎಳೆದಿದ್ದೆ. ಕೇಳುವಾಗ ಎಲ್ಲ ಚೆನ್ನಾಗಿತ್ತು. ಪಿಟಿಟಿ (ಮಾತು ಕಳಿಸುವ ಬಟನ್) ಒತ್ತಿ ಮೆಲ್ಲಗೆ ಮಾತಾಡಿದರೂ ಸರಿ. ಸ್ವಲ್ಪ ಗಟ್ಟಿಯಾಗಿ ಕಾಲ್‌ಸೈನ್ (ಲೈಸೆನ್ಸಿನ ಗುರುತು) ಹೇಳಿದೆನೋ, ರಿಗ್ ಟಪ್ ಅಂತ ಆಫ್! ಮತ್ತೆ ಆನ್ ಮಾಡು, ಮತ್ತೆ ಆಫ್. ರಿಗ್ಗೇ ಹೋಯಿತು ಅಂದುಕೊಂಡು ಅರ್ಧ ದಿನ ತಲೆ ಕೆಡಿಸಿಕೊಂಡೆ.

ಹೋಗಿದ್ದು ರಿಗ್ ಅಲ್ಲ. ಮನೆ ವೈರಿಂಗ್ ಮಾಡಿಸಿದಾಗ ಉಳಿದಿದ್ದ 1.5 ಸ್ಕ್ವೇರ್ ಎಂಎಂ ವೈರನ್ನು ನಾನು ಹಾಕಿದ್ದೆ, ಅಷ್ಟೇ. 100 ವ್ಯಾಟ್ ಎಚ್‌ಎಫ್ (ಶಾರ್ಟ್‌ವೇವ್) ರಿಗ್ಗುಗಳು ಗಟ್ಟಿ ದನಿಗೆ ಪೂರ್ತಿ ಪವರ್ ಕೊಡುವಾಗ 20 ಆಂಪಿಯರ್‌ಗಿಂತ ಜಾಸ್ತಿಯೇ ಎಳೆಯುತ್ತವೆ. ಐಕಾಮ್ ಐಸಿ-7300ಕ್ಕೆ ಕಂಪನಿಯವರೇ ಬರೆದಿರುವುದು 21, ಯಾಸು ಎಫ್‌ಟಿ-891ಕ್ಕೆ 23. ಕೇಳುವಾಗ ಮಾತ್ರ ಒಂದು ಆಂಪಿಯರ್ ಆಸುಪಾಸು. ನನ್ನ ವೈರಿನ ಉದ್ದ 4 ಮೀಟರ್, ಹೋಗಿ ಬರುವುದು ಸೇರಿ 8. ಅಷ್ಟು ಉದ್ದದ 1.5 ವೈರಿನ ರೆಸಿಸ್ಟೆನ್ಸ್ ಸುಮಾರು 0.1 ಓಮ್. ಒಂದು ಆಂಪಿಯರ್ ಹೋದರೆ 0.1 ವೋಲ್ಟ್ ನಷ್ಟ, ಗೊತ್ತೇ ಆಗುವುದಿಲ್ಲ. 20 ಆಂಪಿಯರ್ ಹೋದರೆ 2 ವೋಲ್ಟ್ ದಾರಿಯಲ್ಲೇ ಖಾಲಿ. ಬ್ಯಾಟರಿಯಲ್ಲಿ 12 ಇದ್ದರೂ ರಿಗ್ಗಿನ ಬಾಯಿಗೆ ಬಂದದ್ದು 10. ಈ ರಿಗ್ಗುಗಳಿಗೆ ಬೇಕಾದ್ದು 13.8 ವೋಲ್ಟ್, ಶೇಕಡಾ 15 ಆಚೆ ಈಚೆ. ಅಂದರೆ ಕೆಳಗೆ 11.7ರ ತನಕ. ಅದಕ್ಕಿಂತ ಇಳಿದರೆ ಕೆಲವು ಆಫ್ ಆಗುತ್ತವೆ. ಕೆಲವು ಆಫ್ ಆಗದೆ ಒಡಕಲು ದನಿ ಕಳಿಸುತ್ತವೆ. ಅದು ಇನ್ನೂ ಕೆಟ್ಟದ್ದು, ನಿಮಗೆ ಗೊತ್ತಾಗುವುದಿಲ್ಲ, ಪಕ್ಕದ ಫ್ರೀಕ್ವೆನ್ಸಿಯವರು ಬೈದುಕೊಳ್ಳುತ್ತಾರೆ.

ಹಾಗಾಗಿ ಮೊದಲ ಕೆಲಸ, ಅಳತೆ. ಸುಮ್ನೆ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದು 12.6 ಇದೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಆಂಟೆನಾ ಬಿಚ್ಚಿ ಡಮ್ಮಿ ಲೋಡ್ (ಪವರನ್ನು ಗಾಳಿಗೆ ಬಿಡದೆ ಬಿಸಿಯಾಗಿ ಕಳೆಯುವ ರೆಸಿಸ್ಟರ್) ಹಾಕಿ. ರಿಗ್ಗನ್ನು ಎಫ್‌ಎಂ ಮೋಡಿಗೆ (ಪವರ್ ಒಂದೇ ಸಮ ಹೊರಡುತ್ತದೆ) ತಿರುಗಿಸಿ, ಪವರ್ ಪೂರ್ತಿ ಇಟ್ಟು, ಎರಡು ಮೂರು ಸೆಕೆಂಡ್ ಪಿಟಿಟಿ ಒತ್ತಿ. ಆಗ ರಿಗ್ಗಿನ ಹಿಂದಿನ ಕನೆಕ್ಟರಿನಲ್ಲಿ ಎಷ್ಟು ವೋಲ್ಟ್ ಇದೆ ನೋಡಿ. ಅದೇ ಥರ ಬ್ಯಾಟರಿ ಟರ್ಮಿನಲ್ಲಿನಲ್ಲೂ ನೋಡಿ. ಎರಡರ ನಡುವಿನ ವ್ಯತ್ಯಾಸ ನಿಮ್ಮ ವೈರ್ ತಿನ್ನುತ್ತಿರುವುದು. ಅರ್ಧ ವೋಲ್ಟಿನ ಒಳಗೆ ಇದ್ದರೆ ಬಿಟ್ಟುಬಿಡಿ. ಜಾಸ್ತಿ ಇದ್ದರೆ ತುಂಡು ತುಂಡಾಗಿ ಹುಡುಕಿ: ಫ್ಯೂಸ್ ಹೋಲ್ಡರಿನ ಈಚೆ ಆಚೆ, ಲಗ್ಗಿನ (ವೈರಿನ ತುದಿಯ ಲೋಹದ ಕಿವಿ) ಈಚೆ ಆಚೆ. ನನ್ನ ಫ್ಯೂಸ್ ಹೋಲ್ಡರ್ ಒಂದೇ 0.3 ವೋಲ್ಟ್ ನುಂಗುತ್ತಿತ್ತು. ಸಡಿಲವಾಗಿ ಕೂತಿದ್ದ ಫ್ಯೂಸ್, ಮುಟ್ಟಿದರೆ ಬಿಸಿ. ಟರ್ಮಿನಲ್ಲಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತಿಕ್ಕಿ, ಒಣಗಿಸಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸ್‌ಲೀನ್ ಸವರಿ.

ಈಗ ನಾನು ಬಳಸುವುದು 6 ಸ್ಕ್ವೇರ್ ಎಂಎಂ ಮಲ್ಟಿಸ್ಟ್ರ್ಯಾಂಡ್ ವೈರ್. ಅದೇ 4 ಮೀಟರ್ ದೂರಕ್ಕೆ 20 ಆಂಪಿಯರಿನಲ್ಲಿ ಅರ್ಧ ವೋಲ್ಟ್ ಬೀಳುತ್ತದೆ. ಆಮೇಲೆ ಬುದ್ಧಿ ಬಂದು ಬ್ಯಾಟರಿಯನ್ನೇ ಮೇಜಿನ ಹತ್ತಿರಕ್ಕೆ ತಂದೆ. ದಪ್ಪ ವೈರಿಗಿಂತ ಗಿಡ್ಡ ವೈರ್ ಅಗ್ಗ ಅಲ್ವಾ? ಪ್ಲಸ್, ಮೈನಸ್ ಎರಡರಲ್ಲೂ ಫ್ಯೂಸ್ ಇರಲಿ, ಬ್ಯಾಟರಿಯ ಹತ್ತಿರವೇ ಇರಲಿ. ಫ್ಯೂಸ್ ಕಾಯುವುದು ವೈರನ್ನು. 150 ಎಎಚ್ ಬ್ಯಾಟರಿ ಶಾರ್ಟ್ ಆದರೆ ವೈರ್ ಬೆಂಕಿ ಹತ್ತಿಕೊಳ್ಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಇನ್ವರ್ಟರ್ ಇರುವವರಿಗೆ ಎರಡು ಮಾತು. ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರ್ 230 ಮಾಡಿ, ಅದನ್ನು ಮತ್ತೆ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) 13.8 ಮಾಡುವುದು ಶುದ್ಧ ದಂಡ. ಎರಡು ಕಡೆ ನಷ್ಟ, ಜೊತೆಗೆ ಬ್ಯಾಂಡ್ ತುಂಬ ಗುಂಯ್ ಅನ್ನುವ ಸದ್ದು. ನೇರವಾಗಿ ಡಿಸಿ ತೆಗೆದುಕೊಳ್ಳಿ. ಇನ್ನೊಂದು, ಎರಡು ಬ್ಯಾಟರಿ ಸೇರಿಸಿದ 24 ವೋಲ್ಟಿನ ಇನ್ವರ್ಟರ್ ಆಗಿದ್ದರೆ ಅದರಲ್ಲಿ ಒಂದೇ ಬ್ಯಾಟರಿಯಿಂದ ರಿಗ್ಗಿಗೆ ಎಳೆಯಬೇಡಿ. ಒಂದು ಬ್ಯಾಟರಿ ಬಡವಾಗಿ, ಇನ್ನೊಂದು ಓವರ್‌ಚಾರ್ಜ್ ಆಗಿ, ಎರಡೂ ಬೇಗ ಸಾಯುತ್ತವೆ. ರಿಗ್ಗಿಗೆ ಅಂತಲೇ ಬೇರೆ ಬ್ಯಾಟರಿ ಇಡಿ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತರುವವರು ಎಎಚ್ ಮಾತ್ರ ನೋಡಿ ತರಬೇಡಿ. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪಿಯರ್ ಬಿಡುತ್ತದೆ ಅಂತ ಕೇಳಿ. 20 ಆಂಪಿಯರಿನ ಬಿಎಂಎಸ್ ಇದ್ದರೆ ನನ್ನ ಜುಲೈ ಕಥೆ ನಿಮ್ಮ ಮನೆಯಲ್ಲೂ ನಡೆಯುತ್ತದೆ. ಆದರೆ ಅವುಗಳ ಒಂದು ಗುಣ ನನಗೆ ಇಷ್ಟ, ಖಾಲಿಯಾಗುವ ಹತ್ತಿರದ ತನಕ 13 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತವೆ. ಲೆಡ್ ಆಸಿಡ್ ಹಾಗಲ್ಲ. ತುಂಬಿದಾಗ 12.7, ಅರ್ಧವಾದಾಗ 12.2, ಅದೂ ಸುಮ್ಮನೆ ಕೂತಾಗಿನ ಲೆಕ್ಕ. ಪಿಟಿಟಿ ಒತ್ತಿದರೆ ಇನ್ನೂ ಕೆಳಗೆ.

ಇನ್ನು ಪವರ್ ನಾಬ್. ಹೊಸ ಹ್ಯಾಮ್‌ಗಳು ಅದನ್ನು ಬಲಕ್ಕೆ ಪೂರ್ತಿ ತಿರುಗಿಸಿ ಮರೆತುಬಿಡುತ್ತಾರೆ. ನಾನೂ ಹಾಗೇ ಇದ್ದೆ. ಎಸ್ ಮೀಟರಿನ (ಬರುವ ಸಿಗ್ನಲ್ಲಿನ ಬಲ ತೋರಿಸುವುದು) ಒಂದು ಮನೆ ಅಂದರೆ 6 ಡಿಬಿ, ಅಂದರೆ ಪವರಿನಲ್ಲಿ ನಾಲ್ಕು ಪಟ್ಟು. 100 ವ್ಯಾಟನ್ನು 25ಕ್ಕೆ ಇಳಿಸಿದರೆ ಆಚೆಯವರ ಮೀಟರಿನಲ್ಲಿ ಎಸ್9 ಇದ್ದದ್ದು ಎಸ್8 ಆಗಬೇಕು. ಹುಬ್ಬಳ್ಳಿಯ ಗೆಳೆಯರೊಬ್ಬರ ಜೊತೆ ಇದನ್ನು ಪರೀಕ್ಷೆ ಮಾಡಿದೆ. ಹೇಳದೆ ಪವರ್ ಇಳಿಸಿದೆ. ಅವರು ಮಾತು ನಿಲ್ಲಿಸಲೇ ಇಲ್ಲ! ಕೇಳಿದ ಮೇಲೆ, "ಒಂದು ಚೂರು ಕಡಿಮೆ ಆದಂಗಾಯ್ತು ನೋಡ್ರಿ" ಅಂದರು.

ಇಲ್ಲಿ ಒಂದು ಮೋಸವೂ ಇದೆ. ಪವರ್ ಕಾಲು ಭಾಗ ಮಾಡಿದರೆ ಕರೆಂಟ್ ಕಾಲು ಭಾಗ ಆಗುವುದಿಲ್ಲ, ಸುಮಾರು ಅರ್ಧ ಆಗುತ್ತದೆ. 100 ವ್ಯಾಟಿಗೆ 20 ಆಂಪಿಯರ್ ಆದರೆ 50ಕ್ಕೆ 14, 25ಕ್ಕೆ 10ರ ಹತ್ತಿರ. ಒಳಗಿನ ಆಂಪ್ಲಿಫೈಯರ್ ಕಡಿಮೆ ಪವರಿನಲ್ಲಿ ಇನ್ನೂ ಸೋಮಾರಿ. ಆದರೂ ಬ್ಯಾಟರಿಗೆ 20ರ ಹೊಡೆತ ಬೀಳುವುದಕ್ಕೂ 10ರ ಹೊಡೆತ ಬೀಳುವುದಕ್ಕೂ ಅಜಗಜಾಂತರ. ವೈರಿನಲ್ಲಿ ಬೀಳುವ ವೋಲ್ಟೂ ಅರ್ಧ. ಹಳೆ ಬ್ಯಾಟರಿಯಲ್ಲಿ ಸಂಜೆ ತನಕ ರಿಗ್ ಆಫ್ ಆಗದೆ ಉಳಿಯುವುದು ಇದರಿಂದ.

ಒಂದು ಗಂಟೆ ಲೆಕ್ಕ ಹಾಕೋಣ. ನಾನು ಹನ್ನೆರಡು ನಿಮಿಷ ಮಾತಾಡುತ್ತೇನೆ, ಉಳಿದದ್ದು ಕೇಳುತ್ತೇನೆ. ಎಸ್‌ಎಸ್‌ಬಿಯಲ್ಲಿ (ಎಚ್‌ಎಫ್‌ನಲ್ಲಿ ಮಾತಿಗೆ ಬಳಸುವ ಮೋಡ್) ದನಿಯ ಜೊತೆ ಪವರ್ ಏರಿಳಿಯುವುದರಿಂದ 100 ವ್ಯಾಟಿನಲ್ಲೂ ಸರಾಸರಿ 8 ಆಂಪಿಯರ್ ಅಂತ ಇಟ್ಟುಕೊಳ್ಳಿ. ಮಾತಿಗೆ 1.6 ಎಎಚ್, ಕೇಳುವುದಕ್ಕೆ 0.8. ಒಟ್ಟು 2.4. ಲೆಡ್ ಆಸಿಡನ್ನು ಅರ್ಧಕ್ಕಿಂತ ಇಳಿಸಬಾರದು ಅಂದರೆ 150ರಲ್ಲಿ 75 ನಮ್ಮದು. ಅಂದರೆ ಕಾಗದದ ಮೇಲೆ ಮೂವತ್ತು ಗಂಟೆ. 25 ವ್ಯಾಟಿಗೆ ಇಳಿಸಿದರೆ ಮಾತಿಗೆ 1, ಕೇಳುವುದಕ್ಕೆ ಅದೇ 0.8. ಅಲ್ಲಿಂದ ಮುಂದೆ ಉಳಿತಾಯ ಬೇಕಾದರೆ ಪವರ್ ನಾಬ್ ಅಲ್ಲ, ಪರದೆಯ ಬೆಳಕು ಕಡಿಮೆ ಮಾಡಿ, ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ಮನೆಯವರಿಗೂ ಶಾಂತಿ.

ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಮೋಡ್) ಆಡುವವರು ಈ ಲೆಕ್ಕ ಮಾಡಬೇಡಿ. ಅದು 15 ಸೆಕೆಂಡಿನ ಸರದಿಯಲ್ಲಿ 12.6 ಸೆಕೆಂಡ್ ಬಿಡದೆ ಪೂರ್ತಿ ಪವರ್ ಕೊಡುತ್ತದೆ, ಉಸಿರೇ ಇಲ್ಲ. 20 ಆಂಪಿಯರ್ ಇಂಟು 13.8 ಅಂದರೆ 276 ವ್ಯಾಟ್ ಒಳಗೆ ಹೋಗಿ, 100 ಆಂಟೆನಾಕ್ಕೆ, ಉಳಿದ 176 ಬರೀ ಬಿಸಿ. ನಾನು 30 ವ್ಯಾಟಿಗಿಂತ ಮೇಲೆ ಹೋಗುವುದಿಲ್ಲ. ಸಿಗಬೇಕಾದವರು ಸಿಗುತ್ತಾರೆ.

ವ್ಯಾಟ್ ಮೀಟರ್ ಬಗ್ಗೆ ಒಂದು ಎಚ್ಚರ. ಸಾಮಾನ್ಯ ಮೀಟರ್ ತೋರಿಸುವುದು ಸರಾಸರಿ. 100 ವ್ಯಾಟಿನ ರಿಗ್ಗಿನಲ್ಲಿ ಎಸ್‌ಎಸ್‌ಬಿ ಮಾತಾಡಿದರೆ ಮುಳ್ಳು 25, 30ರಲ್ಲಿ ಕುಣಿಯುತ್ತದೆ. ಅಯ್ಯೋ ಪವರ್ ಬರುತ್ತಿಲ್ಲ ಅಂತ ಮೈಕ್ ಗೇನ್ ಏರಿಸುತ್ತಾರೆ, ದನಿ ಹರಿದುಹೋಗುತ್ತದೆ. ರಿಗ್ಗಿನಲ್ಲಿ ಎಎಲ್‌ಸಿ (ಪವರ್ ಮಿತಿ ಮೀರದಂತೆ ತಡೆಯುವುದು) ಮೀಟರ್ ಹಾಕಿ, ಗಟ್ಟಿ ಮಾತಿಗೆ ಮುಳ್ಳು ಅದರ ಗುರುತಿನ ಒಳಗೇ ಅಲ್ಲಾಡುವಷ್ಟು ಗೇನ್ ಇಡಿ. ಪೀಕ್ ನೋಡಬೇಕಾದರೆ ಪಿಇಪಿ (ಪೀಕ್ ಪವರ್ ತೋರಿಸುವ) ಮೀಟರ್ ಬೇಕು.

ಡಮ್ಮಿ ಲೋಡ್ ಇಲ್ಲದವರು ಮಾಡಿಕೊಳ್ಳಿ. 1 ಕಿಲೋಓಮಿನ, 2 ವ್ಯಾಟಿನ ಕಾರ್ಬನ್ ಅಥವಾ ಮೆಟಲ್ ಆಕ್ಸೈಡ್ ರೆಸಿಸ್ಟರ್ ಇಪ್ಪತ್ತು, ಎಲ್ಲ ಪ್ಯಾರಲಲ್. ಸರಿಯಾಗಿ 50 ಓಮ್, 40 ವ್ಯಾಟ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಪೇಂಟ್ ಡಬ್ಬಿಯಲ್ಲಿ ಮಿನರಲ್ ಆಯಿಲ್ ತುಂಬಿ ಅದರಲ್ಲಿ ಮುಳುಗಿಸಿದರೆ ಕೆಲವು ಸೆಕೆಂಡಿನ ಪರೀಕ್ಷೆಗೆ 100 ವ್ಯಾಟನ್ನೂ ತಡೆಯುತ್ತದೆ. ವೈರ್ ಸುತ್ತಿದ ರೆಸಿಸ್ಟರ್ ಬೇಡ, ಅದು ಕಾಯಿಲ್ ಆಗಿಬಿಡುತ್ತದೆ.

ಸಿಬಿ (ಸಿಟಿಜನ್ ಬ್ಯಾಂಡ್, ಸಾಮಾನ್ಯ ಜನರ ರೇಡಿಯೋ) ಬಗ್ಗೆ ಕೇಳುವವರಿಗೆ: ನಮ್ಮಲ್ಲಿ 27 ಮೆಗಾಹರ್ಟ್ಸ್ ಸಿಬಿಗೆ ಲೈಸೆನ್ಸ್ ಬೇಡ, ಆದರೆ 5 ವ್ಯಾಟ್ ದಾಟುವಂತಿಲ್ಲ. ಅಮೆರಿಕದಲ್ಲಿ ಎಎಂನಲ್ಲಿ 4 ವ್ಯಾಟ್, ಎಸ್‌ಎಸ್‌ಬಿಯಲ್ಲಿ 12, ಲಿನಿಯರ್ (ಪವರ್ ಏರಿಸುವ ಆಂಪ್ಲಿಫೈಯರ್) ಹಾಕುವಂತಿಲ್ಲ. ಹಾಕಿದರೂ 4ರಿಂದ 100ಕ್ಕೆ ಏರಿದರೆ ಸಿಗುವುದು ಸುಮಾರು ಎರಡೂಕಾಲು ಎಸ್ ಮನೆ. ಹ್ಯಾಮ್‌ಗಳು ಎಎಂ ಮಾಡುವಾಗ ಮಾತ್ರ ಒಂದು ನೆನಪಿಡಿ: ಪೂರ್ತಿ ಮಾಡ್ಯುಲೇಶನ್ನಿನಲ್ಲಿ ಪೀಕ್, ಕ್ಯಾರಿಯರಿನ (ಮಾತಿಲ್ಲದಾಗಲೂ ಹೊರಡುವ ಅಲೆ) ನಾಲ್ಕು ಪಟ್ಟು. 100 ವ್ಯಾಟಿನ ರಿಗ್ಗಿಗೆ ಕ್ಯಾರಿಯರ್ 25 ಇಡಬೇಕು.

400 ವ್ಯಾಟಿನ ಲಿನಿಯರ್ ತರಬೇಕು ಅಂತ ನನಗೂ ಆಸೆ ಇತ್ತು. 13.8 ವೋಲ್ಟಿನಲ್ಲಿ ಅದಕ್ಕೆ 60 ಆಂಪಿಯರ್ ದಾಟುತ್ತದೆ, ನನ್ನ ಬ್ಯಾಟರಿ ಅತ್ತುಬಿಡುತ್ತದೆ. ಸಿಗುವುದು ಒಂದೇ ಎಸ್ ಮನೆ. ಲೈಸೆನ್ಸಿನಲ್ಲಿ ಎಷ್ಟು ಬರೆದಿದೆ ಅನ್ನುವುದು ಬೇರೆ ಪ್ರಶ್ನೆ. ಆ ದುಡ್ಡಿನಲ್ಲಿ ಒಂದು ಚೂರನ್ನು ಕೋಕ್ಸಿಗೆ (ರಿಗ್ಗಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್) ಹಾಕಿದೆ. 2 ಮೀಟರ್ ಬ್ಯಾಂಡಿಗೆ 30 ಮೀಟರ್ ಉದ್ದದ ತೆಳು ಆರ್‌ಜಿ-58 ಕೋಕ್ಸ್ ಎಳೆದಿದ್ದೆ. ಅದರಲ್ಲಿ ನಷ್ಟ 6 ಡಿಬಿ ಆಸುಪಾಸು, ಅಂದರೆ 50 ವ್ಯಾಟ್ ಕೊಟ್ಟರೆ ಮೇಲೆ ಮುಟ್ಟುತ್ತಿದ್ದದ್ದು ಹನ್ನೆರಡೋ ಹದಿಮೂರೋ. ದಪ್ಪ ಎಲ್‌ಎಂಆರ್-400 ಕೋಕ್ಸ್ ಹಾಕಿದ ಮೇಲೆ ಅದೇ 50ರಲ್ಲಿ ಮೂವತ್ತೈದು ಮುಟ್ಟುತ್ತದೆ, ಬ್ಯಾಟರಿಗೆ ಒಂದು ಪೈಸೆ ಹೊರೆ ಇಲ್ಲದೆ. ಹಳೆ ಕೋಕ್ಸ್ ಈಗ ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟುವುದಕ್ಕೆ ಬಳಕೆಯಾಗುತ್ತಿದೆ.