ಮದುವೆಯ ಊಟಕ್ಕೆ ಎರಡು ಸಲ ಬಂದ ಕರೆ: ಸುವಾರ್ತೆಯ ಔತಣಗಳನ್ನು ಗುಂಪಿನಲ್ಲಿ ಓದಿದ ನನ್ನ ಅನುಭವ

ನಮ್ಮ ಸಭೆಯ ಸತ್ಯವೇದ (ಬೈಬಲ್) ಅಧ್ಯಯನ ಗುಂಪನ್ನು ಹಲವು ವರ್ಷಗಳಿಂದ ನಡೆಸುತ್ತಿರುವ ನಾನು, ಹೊಸ ಒಡಂಬಡಿಕೆಯಲ್ಲಿ ಮದುವೆಗೆ ಕರೆಯುವ ಮತ್ತು ಮದುವೆಯ ಊಟ ನಡೆಯುವ ಪ್ರಸಂಗಗಳನ್ನೆಲ್ಲ ಒಂದೇ ಸರಣಿಯಾಗಿ ಓದಿಸಬೇಕೆಂದು ನಿರ್ಧರಿಸಿದೆ. ಇದಕ್ಕೆ ಕಾರಣವಿತ್ತು. ಮತ್ತಾಯ 22ನೇ ಅಧ್ಯಾಯದ ಅರಸನ ಮಗನ ಮದುವೆ, ಲೂಕ 14ನೇ ಅಧ್ಯಾಯದ ದೊಡ್ಡ ಔತಣ, ಹತ್ತು ಮಂದಿ ಕನ್ನಿಕೆಯರ ಸಾಮ್ಯ (ದೃಷ್ಟಾಂತ ಕಥೆ), ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆ ಇವೆಲ್ಲ ನಮ್ಮ ಜನರಿಗೆ ಬಾಯಿಪಾಠವಾಗಿವೆಯಾದರೂ, ಅವು ಒಂದರೊಳಗೊಂದು ಬೆರೆತುಹೋಗಿವೆ. ಲೂಕನ ಕಥೆಯ ಐದು ಜೋಡಿ ಎತ್ತುಗಳನ್ನು ಮತ್ತಾಯನ ಅರಸನ ಅಂಗಳಕ್ಕೆ ತಂದು ಕಟ್ಟುವುದು, ಮತ್ತಾಯನ ಮದುವೆಯ ಉಡುಪನ್ನು ಲೂಕನ ಕುಂಟರಿಗೂ ಕುರುಡರಿಗೂ ತೊಡಿಸುವುದು ಪ್ರಸಂಗಪೀಠದಿಂದಲೂ ನಡೆಯುತ್ತದೆ. ಒಂದೊಂದು ಪಠ್ಯವನ್ನೂ ಅದರ ಪಾಡಿಗೆ ಓದಬೇಕು, ಆಮೇಲೆ ಮಾತ್ರ ಪಕ್ಕಪಕ್ಕದಲ್ಲಿ ಇಡಬೇಕು ಎಂಬುದು ನನ್ನ ಮೊದಲ ನಿಯಮವಾಗಿತ್ತು.

ಅದಕ್ಕಾಗಿ ದೊಡ್ಡ ಹಾಳೆಯೊಂದರಲ್ಲಿ ಕೆಲವು ಪ್ರಶ್ನೆಗಳನ್ನು ಬರೆದು ಗೋಡೆಗೆ ಅಂಟಿಸಿದೆ. ಕರೆಯುವವರು ಯಾರು, ಕರೆಯನ್ನು ಹೊತ್ತು ತರುವವರು ಯಾರು, ಅದು ಊಟಕ್ಕೆ ಎಷ್ಟು ಮೊದಲು ಬರುತ್ತದೆ, ಕರೆಸಿಕೊಂಡವರು ಏನು ಮಾಡಬೇಕಿತ್ತು, ಏನು ಮಾಡಿದರು ಎಂಬ ಸಾದಾ ಪ್ರಶ್ನೆಗಳೇ ಅವು. ದೇವರಾಜ್ಯದ ಅರ್ಥವನ್ನು ಮೊದಲೇ ಕೇಳಿದರೆ ಜನರು ತಮಗೆ ಗೊತ್ತಿರುವ ಉತ್ತರವನ್ನೇ ಒಪ್ಪಿಸಿಬಿಡುತ್ತಾರೆ. ಊಟದ ವ್ಯವಸ್ಥೆಯ ಬಗ್ಗೆ ಕೇಳಿದರೆ ಮಾತ್ರ ಪುಟಕ್ಕೆ ಹಿಂತಿರುಗಿ ನೋಡುತ್ತಾರೆ.

ಮತ್ತಾಯನ ಸಾಮ್ಯದಲ್ಲಿ ಅರಸನು ಮಗನ ಮದುವೆಗೆ ಕರೆಸಿದವರು ಬಾರದೆ ಅವನ ಆಳುಗಳನ್ನು ಕೊಲ್ಲುತ್ತಾರೆ; ಆಮೇಲೆ ಹಾದಿಬೀದಿಯವರನ್ನು ಕರೆತರಲಾಗುತ್ತದೆ, ಅವರಲ್ಲಿ ಮದುವೆಯ ಉಡುಪಿಲ್ಲದ ಒಬ್ಬನನ್ನು ಹೊರಗೆ ಹಾಕಲಾಗುತ್ತದೆ. ಇದನ್ನು ಹೀಗೆ ಓದುವಾಗ ಎಲ್ಲರನ್ನೂ ತಡೆದು ನಿಲ್ಲಿಸಿದ್ದು ಮೂರನೇ ವಚನ. ಅರಸನು ಆಳುಗಳನ್ನು ಕಳುಹಿಸಿದ್ದು ಹೊಸಬರನ್ನು ಆಹ್ವಾನಿಸುವುದಕ್ಕಲ್ಲ, ಈಗಾಗಲೇ ಆಹ್ವಾನಿತರಾಗಿದ್ದವರನ್ನು ಊಟಕ್ಕೆ ಕರೆತರುವುದಕ್ಕೆ. ಲೂಕನಲ್ಲಿಯೂ ಹಾಗೆಯೇ, ಊಟದ ಹೊತ್ತಿಗೆ ಆಳು ಹೋಗಿ, ಮೊದಲೇ ಕರೆಯಲ್ಪಟ್ಟಿದ್ದವರಿಗೆ ಎಲ್ಲವೂ ಸಿದ್ಧವಾಗಿದೆ, ಬನ್ನಿರಿ ಎಂದು ಹೇಳುತ್ತಾನೆ. ಅಂದರೆ ಕರೆ ಎರಡು ಹಂತಗಳಲ್ಲಿ ಬರುತ್ತಿತ್ತು. ಈ ಪದ್ಧತಿ ಸುವಾರ್ತೆಗಳಲ್ಲಿ ಮಾತ್ರ ಕಾಣುವಂಥದ್ದಲ್ಲ. ಎಸ್ತೇರಳ ಗ್ರಂಥದಲ್ಲಿ ರಾಣಿಯು ಹಾಮಾನನನ್ನು ಮರುದಿನದ ಔತಣಕ್ಕೆ 5ನೇ ಅಧ್ಯಾಯದಲ್ಲಿಯೇ ಆಹ್ವಾನಿಸುತ್ತಾಳೆ. ಆದರೂ ಊಟದ ಹೊತ್ತಿಗೆ ಅರಮನೆಯ ಕಂಚುಕಿಗಳು ಬಂದು ಅವನನ್ನು ಅವಸರವಾಗಿ ಕರೆದೊಯ್ಯುವುದನ್ನು 6ನೇ ಅಧ್ಯಾಯದ ಕೊನೆಯ ವಚನದಲ್ಲಿ ಓದುತ್ತೇವೆ. ಯೇಸುವಿನ ಸಮಕಾಲೀನನಾದ ಯೆಹೂದ್ಯ ತತ್ತ್ವಜ್ಞಾನಿ ಅಲೆಕ್ಸಾಂಡ್ರಿಯದ ಫಿಲೋ ಕೂಡ, ಲೋಕದಲ್ಲಿ ಎಲ್ಲವನ್ನೂ ಅಣಿಮಾಡಿದ ಮೇಲೆಯೇ ದೇವರು ಮನುಷ್ಯನನ್ನು ಸೃಷ್ಟಿಸಿದ್ದೇಕೆಂದು ವಿವರಿಸುತ್ತ, ಔತಣ ಮಾಡುವವರು ಎಲ್ಲವೂ ಸಿದ್ಧವಾಗುವವರೆಗೆ ಅತಿಥಿಗಳನ್ನು ಊಟಕ್ಕೆ ಕರೆಯುವುದಿಲ್ಲವೆಂಬುದನ್ನು ಎಲ್ಲರಿಗೂ ತಿಳಿದ ಮಾತಾಗಿ ಬಳಸಿಕೊಳ್ಳುತ್ತಾನೆ.

ಗುಂಪಿನ ಹಿರಿಯರೊಬ್ಬರು, ಧಾರವಾಡದ ಕಡೆಯ ಹಳ್ಳಿಯಲ್ಲಿ ಬೆಳೆದ ಅಜ್ಜಿ, ಇದನ್ನು ನನಗಿಂತ ಬೇಗ ಹಿಡಿದರು. ತಮ್ಮ ತವರಿನಲ್ಲಿ ಮದುವೆಗೆ ಮೊದಲೇ ಹೇಳಿ ಹೋಗಿದ್ದರೂ, ಆ ದಿನ ಪಂಕ್ತಿ ಕೂರುವ ಹೊತ್ತಿಗೆ ಹುಡುಗನೊಬ್ಬ ಓಡಿ ಬಂದು “ಎಲೆ ಹಾಕ್ಯಾರ, ಏಳ್ರಿ” ಎಂದು ಕರೆಯುತ್ತಿದ್ದನೆಂದೂ, ಆಗ ಬರುವುದಿಲ್ಲವೆಂದರೆ ಅದು ಮನೆತನಕ್ಕೆ ಮಾಡಿದ ಅವಮಾನವೇ ಆಗಿತ್ತೆಂದೂ ಅವರು ಹೇಳಿದರು. ಅವರ ಮಾತಿನಿಂದ ಸಾಮ್ಯದ ತೂಕ ಎಲ್ಲಿದೆ ಎಂಬುದು ಸ್ಪಷ್ಟವಾಯಿತು. ಕರೆಸಿಕೊಂಡವರ ಅಪರಾಧ ಆಹ್ವಾನವನ್ನು ಒಲ್ಲೆನೆಂದದ್ದರಲ್ಲಿಲ್ಲ; ಒಪ್ಪಿಕೊಂಡವರಾಗಿ ಉಳಿದು, ಅವರನ್ನು ನಂಬಿ ಎತ್ತುಗಳನ್ನೂ ಕೊಬ್ಬಿದ ಪಶುಗಳನ್ನೂ ಕೊಯ್ಸಿ ಅಡಿಗೆ ಮಾಡಿಸಿದ ಮೇಲೆ ಮುಖ ತಿರುಗಿಸಿದ್ದರಲ್ಲಿದೆ. ದೇವರ ಕರೆಗೆ ಈಗಾಗಲೇ ಹೌದೆಂದಿರುವ ಸಭೆಯವರನ್ನೇ ಈ ಸಾಮ್ಯ ನೇರವಾಗಿ ಮುಟ್ಟುತ್ತದೆ ಎಂದು ನಾನು ನಂಬುತ್ತೇನೆ. ಹೊರಗಿನವರ ಕಡೆಗೆ ಬೆರಳು ತೋರಿಸಿ ಇದನ್ನು ಬೋಧಿಸುವುದನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ.

ಮಾತಿನ ವಿವರಣೆಗಿಂತ ಹೆಚ್ಚು ನೆರವಾದದ್ದು ಆ ಕಾಲದ ನಿಜವಾದ ಕರೆಯೋಲೆಗಳು. ಐಗುಪ್ತ (ಈಜಿಪ್ಟ್) ದೇಶದ ಆಕ್ಸಿರಿಂಕಸ್ ಎಂಬಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1896ರಿಂದ ಆರಂಭಿಸಿದ ಉತ್ಖನನದಲ್ಲಿ, ಹಳೆಯ ಊರಿನ ಕಸದ ದಿಬ್ಬಗಳೊಳಗಿಂದ ಸಾವಿರಾರು ಪಪೈರಸ್ ಹಾಳೆಗಳು ದೊರೆತವು. ಅವುಗಳಲ್ಲಿ ಚಿಕ್ಕ ಚಿಕ್ಕ ಊಟದ ಚೀಟಿಗಳೂ ಇವೆ. ಮೂರನೇ ಶತಮಾನದ ಒಂದು ಚೀಟಿಯಲ್ಲಿ ಹೆರಾಯಿಸ್ ಎಂಬ ಹೆಂಗಸು ತನ್ನ ಮಕ್ಕಳ ಮದುವೆಯ ಊಟಕ್ಕೆ ನಾಳೆ, ಅಂದರೆ ಐದನೆಯ ತಾರೀಕಿನಂದು, ಒಂಬತ್ತನೆಯ ತಾಸಿನಿಂದ ತನ್ನ ಮನೆಗೆ ಬರಬೇಕೆಂದು ಕೇಳಿಕೊಳ್ಳುತ್ತಾಳೆ. ಎರಡನೇ ಶತಮಾನದ ಮತ್ತೊಂದರಲ್ಲಿ ದಿಯೊನೀಸಿಯಸ್ ಎಂಬವನು ತನ್ನ ಮಕ್ಕಳ ಮದುವೆಗೆ ಇಸ್ಕಿರಿಯೋನ್ ಎಂಬವನ ಮನೆಯಲ್ಲಿ, ಮೂವತ್ತನೆಯ ತಾರೀಕಿಗೆ, ಅದೇ ತಾಸಿಗೆ ಕರೆಯುತ್ತಾನೆ. ಒಂಬತ್ತನೆಯ ತಾಸೆಂದರೆ ಸೂರ್ಯೋದಯದಿಂದ ಎಣಿಸಿದ ಲೆಕ್ಕ, ನಮ್ಮ ಮಧ್ಯಾಹ್ನ ಮೂರು ಗಂಟೆಯ ಸುಮಾರು.

ಇವೆರಡನ್ನೂ ಕನ್ನಡದಲ್ಲಿ ಬರೆದು, ಅಂಗೈಯಗಲದ ಕಾಗದಗಳಲ್ಲಿ ಪ್ರತಿಯೊಬ್ಬರ ಕೈಗೂ ಕೊಟ್ಟೆ. ಏನು ಬರೆದಿದೆ ಎಂಬುದಕ್ಕಿಂತ ಏನು ಬರೆದಿಲ್ಲ ಎಂಬುದನ್ನು ಗುರುತಿಸಲು ಹೇಳಿದೆ. ಅತಿಥಿಯ ಹೆಸರಿಲ್ಲ, ಮದುಮಗನ ಹೆಸರಿಲ್ಲ, ಮದುಮಗಳ ಹೆಸರೂ ಇಲ್ಲ. ಹೆಸರಿರುವುದು ಕರೆಯುವವರದು, ಅದರ ಜೊತೆಗೆ ಸ್ಥಳ, ದಿನ, ಹೊತ್ತು. ಎರಡರಲ್ಲಿಯೂ ಊಟ ಇರುವುದು ನಾಳೆಯೇ. ಚೀಟಿಯಲ್ಲಿ ಹೆಸರಿಲ್ಲದಿರುವುದರಿಂದ ಯಾರ ಬಾಗಿಲಿಗೆ ಹೋಗಬೇಕೆಂಬುದು ಹೊತ್ತು ತರುವವನ ಬಾಯಲ್ಲಿಯೇ ಇರಬೇಕು. ಇದನ್ನು ಕಂಡ ಮೇಲೆ ಮತ್ತಾಯನ ಆಳುಗಳು ಕಥೆಯ ಅಂಚಿನಲ್ಲಿ ನಿಲ್ಲುವ ಪಾತ್ರಗಳಾಗಿ ಉಳಿಯುವುದಿಲ್ಲ. ಅವರನ್ನು ಹಿಡಿದು ಹೊಡೆದು ಕೊಂದದ್ದು ಏಕೆ ಅರಸನ ಮೇಲೆಯೇ ಕೈಯೆತ್ತಿದಂತಾಯಿತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಅದೇ ಸಾಮ್ಯದ ಏಳನೇ ವಚನವನ್ನು ಓದಿಸುವಾಗ ಮಾತ್ರ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. ಅರಸನು ದಂಡನ್ನು ಕಳುಹಿಸಿ ಆ ಕೊಲೆಗಾರರ ಪಟ್ಟಣವನ್ನು ಸುಟ್ಟುಬಿಡುತ್ತಾನೆ. ಆಮೇಲೆಯೂ ಊಟ ಸಿದ್ಧವಾಗಿಯೇ ಇರುತ್ತದೆ. ಯುದ್ಧವೊಂದು ನಡೆದು ಮುಗಿಯುವವರೆಗೆ ಅಡಿಗೆ ಕಾಯುವುದಿಲ್ಲವಾದ್ದರಿಂದ, ಇಲ್ಲಿ ಕಥೆಯ ಹೊರಗಿನ ಚರಿತ್ರೆ ಒಳಗೆ ಬಂದಿದೆಯೆಂದೂ, ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ಯೆರೂಸಲೇಮನ್ನು ನಾಶಮಾಡಿದ ನೆನಪು ಇದರ ಹಿಂದಿದೆಯೆಂದೂ ಬಹಳ ಮಂದಿ ವಿದ್ವಾಂಸರು ಓದುತ್ತಾರೆ. ನನಗೂ ಅದು ಸರಿಯೆನ್ನಿಸುತ್ತದೆ. ಆದರೆ ಈ ವಚನವನ್ನು ಇಡೀ ಯೆಹೂದ್ಯ ಜನಾಂಗದ ಮೇಲಿನ ತೀರ್ಪೆಂದು ಓದಿದ ಪರಂಪರೆ ಅವರಿಗೆ ಶತಮಾನಗಳ ಕಾಲ ಕೇಡು ಮಾಡಿದೆ. ಆದ್ದರಿಂದ ಸಾಮ್ಯಕ್ಕೆ ಮುಂಚಿನ ವಚನಗಳನ್ನೂ ಕೂಡಿಸಿ ಓದಿಸುತ್ತೇನೆ. ತಮ್ಮ ವಿಷಯವಾಗಿಯೇ ಹೇಳುತ್ತಿದ್ದಾನೆಂದು ಅಲ್ಲಿ ತಿಳಿದುಕೊಳ್ಳುವವರು ಯೆಹೂದ್ಯರ ಧಾರ್ಮಿಕ ಮುಖಂಡರಾದ ಮಹಾಯಾಜಕರೂ ಫರಿಸಾಯರೂ. ಹೇಳುತ್ತಿರುವವನು ಯೆಹೂದ್ಯನೇ, ಕೇಳುತ್ತಿರುವವರೂ ಯೆಹೂದ್ಯರೇ.

ಲೂಕನ ಔತಣದಲ್ಲಿ ಅರಸನೂ ಇಲ್ಲ, ಮದುವೆಯೂ ಇಲ್ಲ; ಮದುವೆ ಬರುವುದು ನೆವವಾಗಿ ಮಾತ್ರ. ಒಬ್ಬನು ಹೊಲ ಕೊಂಡುಕೊಂಡಿದ್ದಾನೆ, ಇನ್ನೊಬ್ಬನು ಐದು ಜೋಡಿ ಎತ್ತು ಕೊಂಡುಕೊಂಡಿದ್ದಾನೆ, ಮೂರನೆಯವನು ಹೆಂಡತಿಯನ್ನು ಮದುವೆಮಾಡಿಕೊಂಡಿದ್ದಾನೆ. ಗುಂಪಿನಲ್ಲಿದ್ದ ರೈತರೊಬ್ಬರು, ನೋಡದೆ ಹೊಲವನ್ನಾಗಲಿ ಹೂಡಿ ನೋಡದೆ ಎತ್ತನ್ನಾಗಲಿ ಯಾರೂ ಕೊಳ್ಳುವುದಿಲ್ಲ, ಐದು ಜೋಡಿ ಎತ್ತು ಬೇಕಾದವನು ಸಣ್ಣ ಹಿಡುವಳಿಯವನೂ ಅಲ್ಲ ಎಂದರು. ಈ ನೆವಗಳ ಪಕ್ಕದಲ್ಲಿ ಧರ್ಮೋಪದೇಶಕಾಂಡದ 20 ಮತ್ತು 24ನೇ ಅಧ್ಯಾಯಗಳನ್ನು ಇಟ್ಟೆ. ಹೊಸ ಮನೆ ಕಟ್ಟಿದವನಿಗೆ, ದ್ರಾಕ್ಷೇತೋಟ ಮಾಡಿದವನಿಗೆ, ಹೆಣ್ಣು ಗೊತ್ತುಮಾಡಿಕೊಂಡವನಿಗೆ ಅಲ್ಲಿ ಯುದ್ಧದಿಂದ ವಿನಾಯಿತಿ ಇದೆ. ಹೊಸದಾಗಿ ಮದುವೆಯಾದವನು ಒಂದು ವರ್ಷ ಮನೆಯಲ್ಲಿಯೇ ಇರಬಹುದು. ಯುದ್ಧಕ್ಕೆ ಸಲ್ಲುವ ಕಾರಣಗಳನ್ನು ಇವರು ಒಂದು ಸಂಜೆಯ ಊಟಕ್ಕೆ ಕೊಡುತ್ತಿದ್ದಾರೆ ಎಂಬುದು ಆಗ ಎದ್ದು ಕಾಣುತ್ತದೆ. 1945ರಲ್ಲಿ ಐಗುಪ್ತದ ನಾಗ್ ಹಮ್ಮಾದಿಯಲ್ಲಿ ಸಿಕ್ಕಿದ, ಸತ್ಯವೇದದಲ್ಲಿ ಸೇರದ, ಕಾಪ್ಟಿಕ್ ಭಾಷೆಯ ತೋಮನ ಸುವಾರ್ತೆಯಲ್ಲಿಯೂ 64ನೇ ವಾಕ್ಯವಾಗಿ ಇದೇ ಕಥೆ ಇದೆ. ಅಲ್ಲಿ ನೆವ ಹೇಳುವವರು ನಾಲ್ವರು. ಸಾಲ ವಸೂಲಿ, ಕೊಂಡ ಮನೆ, ಗೇಣಿ ವಸೂಲಿ ಒಬ್ಬೊಬ್ಬರದಾದರೆ, ಒಬ್ಬನಿಗೆ ಗೆಳೆಯನ ಮದುವೆಯಲ್ಲಿ ತಾನೇ ಊಟದ ವ್ಯವಸ್ಥೆ ಮಾಡಬೇಕಾಗಿದೆ. ಕೊಳ್ಳುವವರೂ ವ್ಯಾಪಾರಿಗಳೂ ತನ್ನ ತಂದೆಯ ಸ್ಥಳಗಳನ್ನು ಪ್ರವೇಶಿಸರು ಎಂಬ ಮಾತಿನಿಂದ ಅದು ಮುಗಿಯುತ್ತದೆ.

ಲೂಕನಲ್ಲಿ ಬೀದಿಗಳಿಂದ ಬಡವರನ್ನು ಕರೆತಂದ ಮೇಲೂ ಸ್ಥಳ ಉಳಿದಿರುತ್ತದೆ. ಆಗ ಯಜಮಾನನು ಹಾದಿಗಳಿಗೂ ಬೇಲಿಗಳ ಬಳಿಗೂ ಹೋಗಿ ಜನರನ್ನು ಒತ್ತಾಯ ಮಾಡಿ ಒಳಗೆ ತಾ ಎನ್ನುತ್ತಾನೆ. ಉತ್ತರ ಆಫ್ರಿಕದಲ್ಲಿ, ತಮ್ಮದೇ ಬೇರೆ ಸಭೆ ಮಾಡಿಕೊಂಡಿದ್ದ ಡೊನಾಟಿಸ್ಟರೆಂಬ ಕ್ರೈಸ್ತರ ಮೇಲೆ ರೋಮಿನ ಸರ್ಕಾರದ ಬಲವನ್ನು ಬಳಸುವುದು ನ್ಯಾಯವೆಂದು ಸಾಧಿಸಲು, ಐದನೇ ಶತಮಾನದ ಆರಂಭದ ತನ್ನ ಪತ್ರಗಳಲ್ಲಿ ಬಿಷಪ್ ಅಗಸ್ಟೀನನು ಈ ಮಾತನ್ನೇ ಆಧಾರವಾಗಿ ಹಿಡಿದನು. ಅಗಸ್ಟೀನನನ್ನು ನಾನು ಬಹಳ ಗೌರವಿಸುತ್ತೇನೆ. ಆದರೆ ಇಲ್ಲಿ ಅವನೊಂದಿಗೆ ಹೋಗಲಾರೆ. ಕಥೆಯಲ್ಲಿರುವುದು ಒಬ್ಬನೇ ಆಳು, ಅವನ ಕೈಯಲ್ಲಿ ಆಯುಧವಿಲ್ಲ. ಊರಾಚೆಯ ಬೇಲಿಯ ಬಳಿ ಕುಳಿತ ಮನುಷ್ಯನಿಗೆ ದೊಡ್ಡ ಮನೆಯ ಊಟಕ್ಕೆ ಬಾ ಎಂದರೆ ಅವನು ನಂಬುವುದಿಲ್ಲ, ನಂಬಿದರೂ ಸಂಕೋಚಪಡುತ್ತಾನೆ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಹೊತ್ತು ಇಳಿಯಿತೆಂದು ಯೇಸುವನ್ನು ಬಲವಂತಮಾಡಿ ಮನೆಗೆ ಕರೆದದ್ದೂ, ಫಿಲಿಪ್ಪಿಯಲ್ಲಿ ಲುದ್ಯಳು ಪೌಲನ ಸಂಗಡಿಗರನ್ನು ಬಲವಂತಮಾಡಿ ಉಳಿಸಿಕೊಂಡದ್ದೂ ಇದೇ ಬಗೆಯ ಒತ್ತಾಯ.

ಕಾನಾ ಊರಿನ ಮದುವೆಯನ್ನು ನಾವು ಬೇಗನೆ ದಾಟಿದೆವು, ಏಕೆಂದರೆ ಅದರ ಮೇಲೆ ಪ್ರಸಂಗಗಳಿಗೆ ಕೊರತೆಯಿಲ್ಲ. ಎರಡು ಸಂಗತಿಗಳನ್ನು ಮಾತ್ರ ನಾನು ಸೇರಿಸಿದೆ. ಯೆಹೂದ್ಯರ ಶುದ್ಧೀಕರಣಕ್ಕಾಗಿ ಅಲ್ಲಿದ್ದ ಆರು ಕಲ್ಲಿನ ಬಾನೆಗಳಲ್ಲಿ ಒಟ್ಟು ಸುಮಾರು 470ರಿಂದ 700 ಲೀಟರ್ ನೀರು ಹಿಡಿಯುತ್ತಿತ್ತು. ಯಾಜಕಕಾಂಡ 11ರ ಪ್ರಕಾರ ಅಶುದ್ಧವಾದ ಮಣ್ಣಿನ ಪಾತ್ರೆಯನ್ನು ಒಡೆದುಬಿಡಬೇಕು, ಕಲ್ಲಿಗೆ ಮಾತ್ರ ಅಶುದ್ಧತೆ ತಾಗದೆಂಬುದು ಅಂದಿನ ಯೆಹೂದ್ಯರ ತಿಳಿವಳಿಕೆಯಾಗಿತ್ತು. ಅಂಥ ಸುಣ್ಣಕಲ್ಲಿನ ಪಾತ್ರೆಗಳನ್ನು ಕಡೆಯುತ್ತಿದ್ದ ಕಾರ್ಖಾನೆಯೊಂದು ಗಲಿಲಾಯದ ರೇನಾ ಊರಿನಲ್ಲಿ 2017ರಲ್ಲಿ ಉತ್ಖನನವಾಯಿತು.

ಹೆಚ್ಚು ಕಾಲ ಕೂತದ್ದು ಮದುವೆಯ ಉಡುಪಿಲ್ಲದ ಮನುಷ್ಯನ ಮುಂದೆ. ಹಾದಿಬೀದಿಯಿಂದ ಕರೆತಂದವನ ಮೈಮೇಲೆ ಒಳ್ಳೆಯ ಬಟ್ಟೆ ಇರುವುದಾದರೂ ಹೇಗೆ, ಅವನನ್ನು ಕೈಕಾಲು ಕಟ್ಟಿ ಕತ್ತಲೆಗೆ ಎಸೆಯುವುದು ನ್ಯಾಯವೇ ಎಂದು ಮನೆಗೆಲಸ ಮಾಡಿ ಜೀವಿಸುವ ಸಹೋದರಿಯೊಬ್ಬರು ಕೇಳಿದರು. ಅರಸನೇ ಬಾಗಿಲಲ್ಲಿ ಎಲ್ಲರಿಗೂ ಉಡುಪು ಕೊಡುತ್ತಿದ್ದನು, ಇವನೊಬ್ಬನೇ ತಿರಸ್ಕರಿಸಿದನು ಎಂಬ ಉತ್ತರ ಎಲ್ಲೆಲ್ಲಿಯೂ ಸಿದ್ಧವಾಗಿ ಸಿಗುತ್ತದೆ. ಅದನ್ನು ನಾನು ಕೊಡಲಿಲ್ಲ. ಅದಕ್ಕೆ ತೋರಿಸುವ ಆಧಾರಗಳನ್ನು ತೆರೆದು ನೋಡಿದರೆ, ನ್ಯಾಯಸ್ಥಾಪಕರು 14ರ ಸಂಸೋನನ ಮೂವತ್ತು ಉಡುಪುಗಳು ಒಗಟಿನ ಪಣ, 2 ಅರಸುಗಳು 10ರಲ್ಲಿರುವುದು ಬಾಳನೆಂಬ ದೇವತೆಯ ಗುಡಿಯ ಆರಾಧಕರಿಗೆ ಕೊಟ್ಟ ವಸ್ತ್ರ. ಮದುವೆಯಲ್ಲಿ ಆತಿಥೇಯನು ಬಟ್ಟೆ ಹಂಚಿದ್ದನ್ನು ಇವೆರಡೂ ಹೇಳುವುದಿಲ್ಲ. ಅದರ ಬದಲು, ಯೆಹೂದ್ಯ ಗುರುಗಳ ಬೋಧನೆಗಳ ಸಂಗ್ರಹವಾದ ತಾಲ್ಮೂದಿನಲ್ಲಿ, ಮೊದಲ ಶತಮಾನದ ಗುರು ಯೋಹಾನಾನ್ ಬೆನ್ ಝಕ್ಕೈ ಹೇಳಿದ ಸಾಮ್ಯವನ್ನು ಓದಿದೆವು. ಅರಸನೊಬ್ಬನು ಹೊತ್ತು ತಿಳಿಸದೆ ಸೇವಕರನ್ನು ಔತಣಕ್ಕೆ ಕರೆಯುತ್ತಾನೆ. ಜಾಣರು ಅಲಂಕರಿಸಿಕೊಂಡು ಅರಮನೆಯ ಬಾಗಿಲಲ್ಲಿಯೇ ಕೂರುತ್ತಾರೆ, ಬುದ್ಧಿಯಿಲ್ಲದವರು ಕೆಲಸಕ್ಕೆ ಹೋಗಿ, ಕರೆ ಬಂದಾಗ ಕೊಳೆಯಾದ ಬಟ್ಟೆಯಲ್ಲಿಯೇ ಬರುತ್ತಾರೆ. ಮದುಮಗನು ಬರುವ ಹೊತ್ತಿಗೆ ಐವರ ದೀಪಗಳಿಗೆ ಸಾಲದೆ ಹೋದ, ಹತ್ತು ಮಂದಿ ಕನ್ನಿಕೆಯರ ಎಣ್ಣೆ ಇದಕ್ಕೆ ಎಷ್ಟು ಹತ್ತಿರದ್ದೆಂದು ಗುಂಪಿನವರೇ ಹೇಳಿದರು. ಅಗಸ್ಟೀನನು ತನ್ನ ಪ್ರಸಂಗವೊಂದರಲ್ಲಿ, ದೀಕ್ಷಾಸ್ನಾನದಂಥವು ಕೆಟ್ಟವರಲ್ಲಿಯೂ ಕಾಣುವುದರಿಂದ ಈ ಉಡುಪು ಅವುಗಳಲ್ಲಿ ಯಾವುದೂ ಆಗಿರಲಾರದೆಂದು ಒಂದೊಂದಾಗಿ ತಳ್ಳಿಹಾಕುತ್ತ, ಶುದ್ಧ ಹೃದಯದ ಪ್ರೀತಿಯೇ ಆ ಉಡುಪೆಂದು ಮುಟ್ಟಿಸುವುದನ್ನೂ ತಿಳಿಸಿದೆ. ಇಷ್ಟೆಲ್ಲ ಆದರೂ ಆ ಸಹೋದರಿಯ ಪ್ರಶ್ನೆ ತೀರಲಿಲ್ಲ. ತೀರಿಸಲು ನಾನು ಅವಸರಪಡಲಿಲ್ಲ. ಅರಸನು ಮೊದಲು ಅವನನ್ನು ಕಾರಣ ಕೇಳಿದನು, ಅವನು ಏನೂ ಹೇಳಲಿಲ್ಲ ಎಂಬುದನ್ನು ಮಾತ್ರ ತೋರಿಸಿದೆ.

ಅದೇ ಪ್ರಶ್ನೆಯನ್ನು ಹಿಡಿದು ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 19ನೇ ಅಧ್ಯಾಯಕ್ಕೆ ಹೋದೆವು. ಕಾನಾದಲ್ಲಿ ಮದುಮಗಳ ಸುಳಿವಿಲ್ಲ, ಮತ್ತಾಯನ ಅರಸನ ಮನೆಯಲ್ಲಿಯೂ ಇಲ್ಲ, ಐಗುಪ್ತದ ಚೀಟಿಗಳಲ್ಲಿ ಅವಳ ಹೆಸರೂ ಇಲ್ಲ; ಇಲ್ಲಿ ಮಾತ್ರ ಕುರಿಮರಿಯಾದಾತನ, ಅಂದರೆ ಕ್ರಿಸ್ತನ, ವಿವಾಹಕ್ಕೆ ಅವಳು ಸಿದ್ಧಳಾಗಿ ನಿಲ್ಲುತ್ತಾಳೆ. ಪ್ರಕಾಶಮಾನವಾದ ನಿರ್ಮಲವಾದ ನಾರುಮಡಿಯನ್ನು ಧರಿಸುವಂತೆ ಅವಳಿಗೆ ಅನುಗ್ರಹಿಸಲಾಗುತ್ತದೆ, ಆ ನಾರುಮಡಿ ದೇವಜನರ ನೀತಿಕೃತ್ಯಗಳೆಂದು ಅದೇ ವಚನ ಹೇಳುತ್ತದೆ. ಉಡುಪು ಕೊಡುಗೆಯೂ ಹೌದು, ಮಾಡಿದ ಕೆಲಸವೂ ಹೌದು. ಮುಂದಿನ ವಚನದಲ್ಲಿ ಆ ಔತಣಕ್ಕೆ ಕರೆಯಲ್ಪಟ್ಟವರು ಧನ್ಯರೆಂದು ಬರೆಯುವಂತೆ ಯೋಹಾನನಿಗೆ ಅಪ್ಪಣೆಯಾಗುತ್ತದೆ. ಮತ್ತಾಯನ ಕಠಿಣ ವಚನವನ್ನು ಇದರೊಡನೆ ಕಲಸಿ ಮೆತ್ತಗೆ ಮಾಡಬೇಡಿರೆಂದು ಗುಂಪಿಗೆ ಹೇಳಿದೆ, ಎರಡನ್ನೂ ಓದಬೇಕೆಂದೂ ಹೇಳಿದೆ. ಆ ಸಹೋದರಿ ಈಗ ಲೂಕ 14ರ 12ರಿಂದ 14ರವರೆಗಿನ ವಚನಗಳನ್ನು ಮುಂದಿನ ಅಧ್ಯಯನಕ್ಕೆ ಆರಿಸಿದ್ದಾರೆ. ಊಟ ಮಾಡಿಸುವಾಗ ಸ್ನೇಹಿತರನ್ನೂ ಐಶ್ವರ್ಯವಂತರಾದ ನೆರೆಯವರನ್ನೂ ಬಿಟ್ಟು, ತಿರುಗಿ ಕರೆಯಲಾರದವರನ್ನು ಕರೆಯಬೇಕೆಂದು ಅಲ್ಲಿ ಯೇಸು ಹೇಳುತ್ತಾನೆ, ಅದನ್ನು ಅವರೇ ನಡೆಸಿಕೊಡಲು ಒಪ್ಪಿದ್ದಾರೆ.