ಕಡಿಮೆ ಬೆಲೆಯ ಎರಡು ಹೋಳಿನ ಮೆಕ್ಯಾನಿಕಲ್ ಕೀಬೋರ್ಡನ್ನು ಪರೀಕ್ಷಿಸಿ ನೋಡುವ ಬಗೆ

ಎಡಗೈಗೊಂದು, ಬಲಗೈಗೊಂದು ಎಂದು ಎರಡು ಹೋಳಾಗಿರುವ ಕೀಬೋರ್ಡಿನ ಉದ್ದೇಶ ಸರಳವಾದದ್ದು: ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳದೆ, ಭುಜಗಳು ಒಳಕ್ಕೆ ಮುದುಡದೆ, ಕೈಗಳೆರಡೂ ತಮ್ಮ ಸಹಜ ಅಂತರದಲ್ಲೇ ಕೆಲಸ ಮಾಡಬೇಕು. ಅದು ಎಲ್ಲರಿಗೂ ಒಗ್ಗುತ್ತದೆಂದು ಮೊದಲೇ ಹೇಳಲು ಬಾರದು, ಆದ್ದರಿಂದ ಮೊದಲ ಪ್ರಯೋಗಕ್ಕೆ ಅಗ್ಗದ್ದೇ ಸಾಕು. ಲೋಹದ ಕವಚ, ಬಣ್ಣದ ದೀಪ, ವೈರ್‌ಲೆಸ್ ಸೌಲಭ್ಯ ಇವಿಲ್ಲದಿದ್ದರೆ ನಷ್ಟವೇನಿಲ್ಲ. ಆದರೆ ಪ್ರತಿ ಕೀಲಿಯಡಿ ಇರುವ ಸ್ವಿಚ್ಚನ್ನು ಬೆಸುಗೆಯಿಲ್ಲದೆ ಬದಲಿಸಬಹುದಾದ ಹಾಟ್‌ಸ್ವಾಪ್ ಸಾಕೆಟ್ ಮತ್ತು ಕೀಲಿಗಳನ್ನು ನಮಗೆ ಬೇಕಾದಂತೆ ಹೊಂದಿಸಲು ಬಿಡುವ ಕ್ಯೂಎಂಕೆಯಂಥ ಫರ್ಮ್‌ವೇರ್ (ಕೀಬೋರ್ಡಿನೊಳಗೇ ಓಡುವ ತಂತ್ರಾಂಶ), ಈ ಎರಡರಲ್ಲಿ ಉಳಿತಾಯ ಮಾಡಬಾರದು.

ಕೊಳ್ಳುವ ಮುನ್ನ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕಾರ್ನ್, ಲಿಲಿ58ರಂಥ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಕೀಬೋರ್ಡ್ ವಿನ್ಯಾಸಗಳ ಚಿತ್ರವನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿಕೊಂಡು, ಅಕ್ಕಪಕ್ಕದ ಕೀಲಿಗಳ ನಡುಬಿಂದುಗಳ ಅಂತರ ಸುಮಾರು 19 ಮಿ.ಮೀ. ಇದೆಯೆಂದು ಸ್ಕೇಲಿಟ್ಟು ಖಚಿತಪಡಿಸಿಕೊಂಡು, ಎರಡೂ ಹಾಳೆಗಳನ್ನು ಮೇಜಿಗೆ ಅಂಟಿಸಿ ಬೆರಳಿಟ್ಟು ನೋಡಬೇಕು. ಮೇಲಿನ ಸಾಲನ್ನು ಮುಟ್ಟಲು ಕಿರುಬೆರಳು ಇಡೀ ಅಂಗೈಯನ್ನು ಎಳೆದುಕೊಂಡು ಹೋಗುತ್ತಿದೆಯೆ, ಹೆಬ್ಬೆರಳು ತನ್ನ ಕೀಲಿಗಳ ಮೇಲೆ ತಾನಾಗಿ ಇಳಿಯುತ್ತದೆಯೆ ಅಥವಾ ಅಂಗೈಯಡಿ ಮಡಚಿಕೊಳ್ಳಬೇಕಾಗಿದೆಯೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಕೀಲಿಗಳ ಸಂಖ್ಯೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೊದಲ ಸಲಕ್ಕೆ ಅಂಕಿಗಳ ಸಾಲು ಇರುವುದನ್ನೇ ಆರಿಸಬೇಕು. ಕಾರ್ನ್‌ನಲ್ಲಿ 42 ಕೀಲಿಗಳಷ್ಟೇ ಇರುವುದರಿಂದ ಅಂಕಿಗಳೂ ಹಲವು ಚಿಹ್ನೆಗಳೂ ಬೇರೆ ಲೇಯರ್‌ಗೆ, ಅಂದರೆ ಒಂದು ವಿಶೇಷ ಕೀಲಿಯನ್ನು ಒತ್ತಿಹಿಡಿದಾಗ ಉಳಿದ ಕೀಲಿಗಳಿಗೆ ಬರುವ ಎರಡನೆಯ ಜೋಡಣೆಗೆ, ಹೋಗುತ್ತವೆ. ಹೊಸ ಅಂತರ, ಹೊಸ ಜೋಡಣೆ, ಹೊಸ ಲೇಯರ್ ಮೂರನ್ನೂ ಒಟ್ಟಿಗೆ ಕಲಿಯಲು ಹೊರಟವರು ಕೈಬಿಡುವುದೇ ಹೆಚ್ಚು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡ ಬರೆಯುವವರಿಗಂತೂ ಇದು ಇನ್ನಷ್ಟು ಕಾಡುತ್ತದೆ, ಏಕೆಂದರೆ ಅಲ್ಲಿ ‘ಡ’ ಇರುವುದು ‘ಪಿ’ಯ ಬಲಕ್ಕಿರುವ ಚೌಕ ಆವರಣದ ಕೀಲಿಯಲ್ಲಿ, ಮತ್ತು ಸಣ್ಣ ಕೀಬೋರ್ಡುಗಳಲ್ಲಿ ಮೊದಲು ಮಾಯವಾಗುವ ಕೀಲಿಗಳಲ್ಲಿ ಅದೂ ಒಂದು. ಸ್ವಿಚ್ ಮಾತ್ರ ಈಗಾಗಲೇ ಅಭ್ಯಾಸವಿರುವ ಬಗೆಯದೇ ಇರಲಿ.

ಸ್ವಿಚ್ ಕೂರಿಸುವಾಗ ಎರಡೂ ಲೋಹದ ಕಾಲುಗಳು ನೆಟ್ಟಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಸಾಕೆಟ್‌ನ ಹಿಂಬದಿಗೆ ಬೆರಳಿನ ಆಧಾರ ಕೊಟ್ಟು, ಓರೆಯಾಗದಂತೆ ಮೇಲಿನಿಂದ ಒತ್ತಬೇಕು. ಒಂದು ಕೀಲಿ ಮಾತ್ರ ಕೆಲಸ ಮಾಡದಿದ್ದರೆ ಕೀಬೋರ್ಡೇ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಆ ಸ್ವಿಚ್ಚನ್ನು ಕಿತ್ತು ನೋಡಿ. ಕಾಲು ಸಾಕೆಟ್‌ನೊಳಗೆ ಹೋಗದೆ ಸ್ವಿಚ್ಚಿನ ಹೊಟ್ಟೆಗೆ ಅಂಟಿದಂತೆ ಮಡಚಿಕೊಂಡಿರುವುದು ಬಹಳ ಸಾಮಾನ್ಯ, ಚಿಮುಟದಿಂದ ನೆಟ್ಟಗೆ ಮಾಡಿದರೆ ಸರಿಹೋಗುತ್ತದೆ.

ಅಗ್ಗದ ಮಾದರಿಗಳಲ್ಲಿ ಎರಡು ಹೋಳುಗಳ ನಡುವೆ ಹಲವು ಸಲ ಹೆಡ್‌ಫೋನ್ ತಂತಿಯಂತೆ ಕಾಣುವ, ತುದಿಯಲ್ಲಿ ನಾಲ್ಕು ಲೋಹದ ಸಂಪರ್ಕಗಳಿರುವ ಟಿಆರ್‌ಆರ್‌ಎಸ್ ಕೇಬಲ್ ಇರುತ್ತದೆ. ಈ ಕೇಬಲ್ಲನ್ನು ವಿದ್ಯುತ್ ಹರಿಯುತ್ತಿರುವಾಗ ಎಂದಿಗೂ ಹಾಕಬಾರದು, ತೆಗೆಯಲೂ ಬಾರದು: ಅದರ ತುದಿ ಒಳಕ್ಕೆ ಜಾರುವಾಗ ಒಂದು ಉಂಗುರ ಕ್ಷಣಕಾಲ ತನ್ನದಲ್ಲದ ಸಂಪರ್ಕವನ್ನು ಮುಟ್ಟುವುದರಿಂದ ಶಾರ್ಟ್ ಆಗಿ, ಕೀಬೋರ್ಡನ್ನು ನಡೆಸುವ ಕಂಟ್ರೋಲರ್ ಚಿಪ್ ಸುಟ್ಟುಹೋಗಬಹುದು. ಮೊದಲು ಹೋಳುಗಳನ್ನು ಜೋಡಿಸಿ, ಆಮೇಲೆ ಕಂಪ್ಯೂಟರಿಗೆ ಯುಎಸ್‌ಬಿ ಹಾಕಬೇಕು. ಬಿಚ್ಚುವಾಗ ಯುಎಸ್‌ಬಿಯೇ ಮೊದಲು.

ಹೋಳುಗಳನ್ನು ಭುಜದಗಲಕ್ಕೆ ಇಟ್ಟು, ಮುಂದೋಳು ಮತ್ತು ಅಂಗೈ ಒಂದೇ ಗೆರೆಯಲ್ಲಿ ಬರುವಂತೆ ತುಸು ಓರೆಯಾಗಿ ತಿರುಗಿಸಿ, ಜಾಗ ಸರಿಯೆನಿಸಿದ ಮೇಲೆ ಮೇಜಿನ ಮೇಲೆ ಟೇಪಿನಿಂದ ಗುರುತು ಮಾಡಿಕೊಳ್ಳಿ, ಏಕೆಂದರೆ ದಿನಕ್ಕೊಂದು ಕಡೆ ಇಟ್ಟರೆ ಬೆರಳುಗಳಿಗೆ ನೆನಪು ಕೂಡುವುದಿಲ್ಲ. ಒಳಅಂಚನ್ನು ಎತ್ತರಿಸುವ ಪ್ರಯೋಗ ಒಂದು ವಾರದ ನಂತರ ಸಾಕು. ಅದಕ್ಕೆ ಮಡಚಿದ ರಟ್ಟೇ ಸಾಲುತ್ತದೆ.

ಮೊದಲ ದಿನಗಳಲ್ಲಿ ಎಡವುವುದು ‘ಬಿ’ ಕೀಲಿಯಲ್ಲಿ. ಸಾಮಾನ್ಯ ಕೀಬೋರ್ಡಿನ ನಟ್ಟನಡುವೆ ಇರುವ ಅದನ್ನು ಅನೇಕರು ತಮಗೇ ಗೊತ್ತಿಲ್ಲದೆ ಬಲಗೈಯಿಂದ ಒತ್ತುತ್ತಿರುತ್ತಾರೆ. ಇಲ್ಲಿ ಅದು ಎಡ ಹೋಳಿಗೆ ಸೇರಿರುವುದರಿಂದ ಬಲ ತೋರುಬೆರಳು ಬರಿಯ ಮೇಜನ್ನು ಬಡಿದು ಬರುತ್ತದೆ. ಬೇಸರಪಡುವ ಬದಲು ಎಡಗೈಗೆ ಕಲಿಸುವುದು ಒಳ್ಳೆಯದು. ದಿನಕ್ಕೆ ಅರ್ಧ ಗಂಟೆ, ತುರ್ತಿಲ್ಲದ ಬರವಣಿಗೆಯಲ್ಲಿ ಮಾತ್ರ ಬಳಸಿ, ಉಳಿದ ಹೊತ್ತು ಹಳೆಯದರಲ್ಲೇ ಕೆಲಸ ಮಾಡಬಹುದು. ಒಂದೇ ಕೀಲಿಗೆ ತಟ್ಟಿದರೆ ಒಂದು, ಒತ್ತಿಹಿಡಿದರೆ ಇನ್ನೊಂದು ಕೆಲಸ ಕೊಟ್ಟಿದ್ದು, ವೇಗವಾಗಿ ಬರೆಯುವಾಗ ತಪ್ಪುಗಳಾದರೆ, ತಟ್ಟಿದ್ದೋ ಒತ್ತಿಹಿಡಿದದ್ದೋ ಎಂದು ನಿರ್ಧರಿಸುವ, ಕ್ಯೂಎಂಕೆಯಲ್ಲಿ ಸಹಜವಾಗಿ 200 ಮಿಲಿಸೆಕೆಂಡ್ ಇರುವ ಟ್ಯಾಪಿಂಗ್ ಅವಧಿಯನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ನೋಡಿ. ಕೈಯಲ್ಲಿ ನೋವು ಅಥವಾ ಜೋಮು ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

ಮೂರು ವಾರ ಕಳೆದ ಮೇಲೆ ಇಡೀ ಒಂದು ದಿನ ಹಳೆಯ ಕೀಬೋರ್ಡಿಗೆ ಮರಳಿ, ಬರೆಯುವ ವೇಗವನ್ನು ಬದಿಗಿಟ್ಟು, ಸಂಜೆಯ ಹೊತ್ತಿಗೆ ಭುಜ ಮತ್ತು ಮಣಿಕಟ್ಟುಗಳು ಹೇಗಿವೆಯೆಂಬುದನ್ನಷ್ಟೇ ಗಮನಿಸಿ. ವ್ಯತ್ಯಾಸವೇ ತಿಳಿಯದಿದ್ದರೆ ಅಗ್ಗದ್ದನ್ನು ಬೇರೆಯವರಿಗೆ ದಾಟಿಸಬಹುದು. ತಿಳಿದರೆ, ಮುಂದಿನದನ್ನು ಕೊಳ್ಳುವ ಮುನ್ನ ಯಾವ ಕೀಲಿಗಳನ್ನು ಮುಟ್ಟಲೇ ಇಲ್ಲವೆಂದು ಎಣಿಸಿಕೊಳ್ಳಿ.