ಫ್ಲೋರೈಡ್ ಅಳೆಯುವವರಿಗೆ: ಸಿಆರ್‌ಎಂ ಬಾಟಲಿ ಆರಿಸುವುದು, ಬಳಸುವುದು, ನಂಬುವುದು

ನಾನು ಮೊದಲು ಸೇರಿದ ನೀರಿನ ಲ್ಯಾಬ್‌ನಲ್ಲಿ ಫ್ಲೋರೈಡ್ ಸ್ಟಾಕ್ (ಆಮೇಲೆ ತೆಳು ಮಾಡಿ ಬಳಸುವ ಗಟ್ಟಿ ದ್ರಾವಣ) ಮಾಡುವ ಕೆಲಸ ನನ್ನ ಪಾಲಿಗೆ ಬಂತು. 1000 ಪಿಪಿಎಂ ಬೇಕು ಅಂದರು. 1 ಗ್ರಾಂ ಸೋಡಿಯಂ ಫ್ಲೋರೈಡ್ ತೂಗಿ, 1 ಲೀಟರ್ ಮಾಡಿಟ್ಟೆ. ಲೀಟರ್‌ಗೆ 1000 ಮಿಲಿಗ್ರಾಂ, ಲೆಕ್ಕ ಸರಿ ಇದೆ ಅಲ್ವಾ? ಇಲ್ಲ. ಅದು 1000 ಮಿಲಿಗ್ರಾಂ ಉಪ್ಪು. ಅದರಲ್ಲಿ ಫ್ಲೋರೈಡ್ ಇರುವುದು ಸುಮಾರು 452 ಮಿಲಿಗ್ರಾಂ ಮಾತ್ರ, ಮಿಕ್ಕಿದ್ದೆಲ್ಲ ಸೋಡಿಯಂ. ನಾನು ತೂಗಬೇಕಾಗಿದ್ದದ್ದು 2.21 ಗ್ರಾಂ.

ತಪ್ಪು ಯಾರಿಗಾದರೂ ಆಗುತ್ತದೆ. ಅದು ಮೂರು ವಾರ ಗೊತ್ತಾಗಲೇ ಇಲ್ಲ ಅನ್ನುವುದು ನಿಜವಾದ ಸಮಸ್ಯೆ. ದಿನಾ ಬೆಳಿಗ್ಗೆ ಅದೇ ಸ್ಟಾಕ್‌ನಿಂದ 1 ಪಿಪಿಎಂ ಚೆಕ್ ಸ್ಟ್ಯಾಂಡರ್ಡ್ ಮಾಡಿ ಓಡಿಸುತ್ತಿದ್ದೆ. 0.99, 1.01, 1.00. ರಿಜಿಸ್ಟರ್ ನೋಡಿದರೆ ಕಣ್ಣಿಗೆ ಹಬ್ಬ. ಆಮೇಲೆ ಹೊರಗಿನಿಂದ ಒಂದು ಸಿಆರ್‌ಎಂ ಬಾಟಲಿ, ಅಂದರೆ ಫ್ಲೋರೈಡ್ ಎಷ್ಟಿದೆ ಅಂತ ಸರ್ಟಿಫಿಕೇಟ್ ಸಮೇತ ಬರುವ ದ್ರಾವಣ, ಬಂತು. ಅದರ ಮೇಲೆ 1.20 ಅಂತಿತ್ತು, ನಮ್ಮ ಮೀಟರ್ 2.65 ಅಂದಿತು. ಮೊದಲಿಗೆ ನಾವೆಲ್ಲ ಬೈದದ್ದು ಆ ಬಾಟಲಿಯನ್ನೇ!

ಒಂದೇ ಸ್ಟಾಕ್‌ನಿಂದ ಕ್ಯಾಲಿಬ್ರೇಷನ್ನೂ (ಮೀಟರ್ ಹೊಂದಿಸುವುದು) ಮಾಡಿ, ಚೆಕ್ಕೂ ಮಾಡಿದರೆ ಗೊತ್ತಾಗುವುದು ಒಂದೇ: ನೀವು ಅದೇ ತಪ್ಪನ್ನು ಎರಡು ಸಲ ಮಾಡಬಲ್ಲಿರಿ ಅಂತ. ಸಿಆರ್‌ಎಂ ಬೇಕಾಗುವುದು ಇದಕ್ಕೇ. ನಮ್ಮಜ್ಜಿ ಮನೆಯ ಸೇರಿನಲ್ಲಿ ಅಳೆದ ಅಕ್ಕಿಯನ್ನು ಅದೇ ಸೇರಿನಲ್ಲಿ ಎಷ್ಟು ಸಲ ಅಳೆದರೂ ಒಂದೇ ಲೆಕ್ಕ ಬರುತ್ತಿತ್ತು. ಅಂಗಡಿಯವನ ಸೇರಿಗೆ ಸುರಿದಾಗಲೇ ಜಗಳ ಶುರು.

ಸಿಆರ್‌ಎಂ ಅಂದರೆ ಸರ್ಟಿಫೈಡ್ ರೆಫರೆನ್ಸ್ ಮೆಟೀರಿಯಲ್. ಒಂದು ವಸ್ತು, ಅದರಲ್ಲಿ ಏನು ಎಷ್ಟಿದೆ ಅನ್ನುವ ಬೆಲೆ (ದುಡ್ಡಿನದಲ್ಲ, ಅಳತೆಯ ಅಂಕಿ), ಆ ಬೆಲೆ ಎಷ್ಟು ಆಚೀಚೆ ಆಗಬಹುದು ಅನ್ನುವ ಅನಿಶ್ಚಿತತೆ, ಮತ್ತು ಆ ಬೆಲೆ ಯಾವ ಸರಪಳಿಯ ಮೂಲಕ ಮೂಲ ಅಳತೆಗೆ ತಲುಪುತ್ತದೆ ಅನ್ನುವ ಮಾತು, ಇವೆಲ್ಲ ಬರೆದಿರುವ ಸರ್ಟಿಫಿಕೇಟ್. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಅದು ಸಿಆರ್‌ಎಂ ಅಲ್ಲ, ಒಂದು ಒಳ್ಳೆಯ ಕೆಮಿಕಲ್ ಅಷ್ಟೇ.

ಯಾವುದನ್ನು ಕೊಳ್ಳಬೇಕು

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಬೋರ್‌ವೆಲ್ ನೀರು ಪರೀಕ್ಷೆ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ, ಯಾಕಂದರೆ ಅಲ್ಲಿ ದಶಮಾಂಶದ ಒಂದು ಅಂಕಿ ಊರಿನ ಹಲ್ಲು ಮೂಳೆಗಳ ವಿಷಯ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರ್‌ಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು. ಹಾಗಾದರೆ ನಿಮ್ಮ ಸಿಆರ್‌ಎಂ ಬೆಲೆಯೂ ಈ ಎರಡರ ಆಸುಪಾಸಿನಲ್ಲಿರಬೇಕು. 10 ಪಿಪಿಎಂ ಬಾಟಲಿ ಸರಿಯಾಗಿ ಓದಿತು ಅಂತ 1.4ರ ಓದಿಕೆಯನ್ನು ನಂಬಬೇಡಿ.

ಬಾಟಲಿಗಳಲ್ಲಿ ಎರಡು ಜಾತಿ. ಒಂದು, ಶುದ್ಧ ನೀರಿನಲ್ಲಿ ಬರೀ ಫ್ಲೋರೈಡ್ ಇರುವ ದ್ರಾವಣ. ಇದು ಕ್ಯಾಲಿಬ್ರೇಷನ್‌ಗೆ. ಅಮೆರಿಕದ ಅಳತೆ ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿಯ ಎಸ್‌ಆರ್‌ಎಂ 3183 (ಸಿಆರ್‌ಎಂಗೆ ಅವರಿಟ್ಟ ಹೆಸರು ಎಸ್‌ಆರ್‌ಎಂ) ಈ ಜಾತಿಯದು. ಇನ್ನೊಂದು ಮ್ಯಾಟ್ರಿಕ್ಸ್ ಸಿಆರ್‌ಎಂ, ಅಂದರೆ ನಿಮ್ಮ ಸ್ಯಾಂಪಲ್‌ನಂತೆಯೇ ಗಡಸುತನ, ಕ್ಲೋರೈಡ್, ಸಲ್ಫೇಟ್ ಎಲ್ಲ ಇರುವ ನೀರು. ವಿಧಾನ ಸರಿ ಇದೆಯೋ ಇಲ್ಲವೋ ಅಂತ ಹೇಳುವುದು ಇದೇ. (ಮ್ಯಾಟ್ರಿಕ್ಸ್ ಅನ್ನು ಸಿಆರ್‌ಎಂ ತಯಾರಿಸುವ ಜನ ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಅಂದರೆ ಎನ್‌ಐಎಸ್‌ಟಿ ಪಟ್ಟಿಯಲ್ಲಿ ಅಕ್ಕಿ ಹಿಟ್ಟೂ ಇದೆ, ಕಡಲೆಕಾಯಿ ಬೆಣ್ಣೆಯೂ ಇದೆ. ಅದನ್ನು ಬ್ರೆಡ್ಡಿಗೆ ಹಚ್ಚಿದರೆ ದುಬಾರಿ ತಿಂಡಿ.)

ಮ್ಯಾಟ್ರಿಕ್ಸ್ ಯಾಕೆ ಮುಖ್ಯ ಅನ್ನುವುದಕ್ಕೆ ನಮ್ಮ ಪಕ್ಕದ ರಾಜ್ಯದ್ದೇ ಉದಾಹರಣೆ ಇದೆ. ಫ್ಲೋರೈಡ್ ತೆಗೆಯುವ ನಲಗೊಂಡ ವಿಧಾನದಲ್ಲಿ ನೀರಿಗೆ ಆಲಂ ಮತ್ತು ಸುಣ್ಣ ಹಾಕುತ್ತಾರೆ. ಆ ನೀರಿನಲ್ಲಿ ಸ್ವಲ್ಪ ಅಲ್ಯೂಮಿನಿಯಂ ಉಳಿದಿದ್ದರೆ ಅದು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲೆಕ್ಟ್ರೋಡ್‌ಗೆ (ನೀರಿನಲ್ಲಿ ಅದ್ದುವ ಮೀಟರ್‌ನ ಕಡ್ಡಿ) ಕಾಣುವುದು ಬಿಡಿಯಾಗಿರುವ ಫ್ಲೋರೈಡ್ ಮಾತ್ರ, ಹಾಗಾಗಿ ಓದಿಕೆ ಕಡಿಮೆ ಬರುತ್ತದೆ. ಟಿಸ್ಯಾಬ್ ಬಫರ್ ಹಾಕುವುದು ಆ ಹಿಡಿತ ಬಿಡಿಸುವುದಕ್ಕೆ, ಜೊತೆಗೆ ಪಿಎಚ್ ಅನ್ನು 5ರಿಂದ 5.5ರ ನಡುವೆ ಇಡುವುದಕ್ಕೆ. ನಿಮ್ಮ ಟಿಸ್ಯಾಬ್ ಹಳಸಿದ್ದರೆ ಶುದ್ಧ ದ್ರಾವಣದ ಸಿಆರ್‌ಎಂ ಹಾಯಾಗಿ ಪಾಸ್ ಆಗಿಬಿಡುತ್ತದೆ, ಹಳ್ಳಿಯ ನೀರು ಮಾತ್ರ ತಪ್ಪು ಓದುತ್ತದೆ.

ಇನ್ನು ಯಾರ ಹತ್ತಿರ ಕೊಳ್ಳುವುದು. ದೇಶದ ಮೂಲ ಅಳತೆಗಳನ್ನು ಕಾಪಾಡುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಂದರೆ ಎನ್‌ಪಿಎಲ್. ಅವರು ಬೇರೆ ತಯಾರಕರ ಜೊತೆ ಸೇರಿ ‘ಭಾರತೀಯ ನಿರ್ದೇಶಕ ದ್ರವ್ಯ’ ಅನ್ನುವ ಹೆಸರಿನಲ್ಲಿ ಸಿಆರ್‌ಎಂ ತರುತ್ತಾರೆ, ಲೇಬಲ್ ಮೇಲೆ ಬಿಎನ್‌ಡಿ ಅಂತಿರುತ್ತದೆ. ಖಾಸಗಿ ತಯಾರಕರೂ ಇದ್ದಾರೆ. ಅವರಲ್ಲಿ ನೋಡಬೇಕಾದದ್ದು ಐಎಸ್‌ಒ 17034 ಮಾನ್ಯತೆ. ಇದು ರೆಫರೆನ್ಸ್ ಮೆಟೀರಿಯಲ್ ತಯಾರಿಸುವವರಿಗೇ ಇರುವ ಮಾನಕ. ಲ್ಯಾಬ್‌ಗಳಿಗೆ ಇರುವುದು 17025. ಎರಡನ್ನೂ ಕಲಸಿ ಮಾತನಾಡುವ ಸೇಲ್ಸ್ ಹುಡುಗರು ಸಿಗುತ್ತಾರೆ, ಹುಷಾರು. ಮಾನ್ಯತೆ ಇದೆ ಅಂದರೆ ಸಾಲದು, ಅದರ ವ್ಯಾಪ್ತಿಯ ಪಟ್ಟಿಯಲ್ಲಿ ‘ನೀರಿನಲ್ಲಿ ಫ್ಲೋರೈಡ್’ ಇದೆಯಾ ಅಂತ ತೆಗೆಸಿ ನೋಡಿ. ಲೇಬಲ್ ಮೇಲೆ ‘ಎನ್‌ಐಎಸ್‌ಟಿ ಟ್ರೇಸಬಲ್’ (ಅಳತೆಯ ಸರಪಳಿ ಎನ್‌ಐಎಸ್‌ಟಿ ತನಕ ತಲುಪುತ್ತದೆ) ಅಂತ ಅಚ್ಚು ಹಾಕುವುದು ಸುಲಭ. ಅನಿಶ್ಚಿತತೆ ಕೊಡದೆ ಟ್ರೇಸಬಲ್ ಅಂದವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ.

ಸರ್ಟಿಫಿಕೇಟ್ ಓದಿ, ಫೈಲಿಗೆ ಹಾಕುವ ಮುಂಚೆ

ಬಹಳ ಲ್ಯಾಬ್‌ಗಳಲ್ಲಿ ಬಾಟಲಿ ಫ್ರಿಜ್‌ಗೆ, ಸರ್ಟಿಫಿಕೇಟ್ ಆಡಿಟ್ ಫೈಲಿಗೆ. ಓದುವವರು ಯಾರೂ ಇಲ್ಲ. ಐದು ನಿಮಿಷ ಕೂತು ಓದಿ. ಮೊದಲು, ಬೆಲೆ ಸರ್ಟಿಫೈಡ್ ಹೌದೋ ಅಥವಾ ಬರೀ ಮಾಹಿತಿಗೆ ಕೊಟ್ಟದ್ದೋ ನೋಡಿ. ಒಂದೇ ಬಾಟಲಿಯಲ್ಲಿ ನೈಟ್ರೇಟ್ ಸರ್ಟಿಫೈಡ್ ಆಗಿದ್ದು, ಇನ್ಯಾವುದೋ ಅಂಶ ಸುಮ್ನೆ ಮಾಹಿತಿಗೆ ಅಂತ ಇರಬಹುದು. ಎರಡನೆಯದನ್ನು ಇಟ್ಟುಕೊಂಡು ಪಾಸ್ ಫೇಲ್ ಹೇಳುವಂತಿಲ್ಲ.

ಆಮೇಲೆ ± ಪಕ್ಕದ ಅಂಕಿ. ಅದರ ಕೆಳಗೆ ಎಲ್ಲೋ ಸಣ್ಣಕ್ಷರದಲ್ಲಿ ‘ಕೆ = 2’ ಅಂತ ಇರುತ್ತದೆ, ಸುಮಾರು 95% ನಂಬಿಕೆಯ ಮಟ್ಟ ಅಂತ ಅರ್ಥ. ಲೆಕ್ಕಕ್ಕೆ ಹಾಕುವ ಮುಂಚೆ ಆ ಅಂಕಿಯನ್ನು 2ರಿಂದ ಭಾಗಿಸಬೇಕು, ಇದನ್ನು ಮರೆಯುವವರು ಜಾಸ್ತಿ.

ಯೂನಿಟ್ ನೋಡಿ. ಕೆಲವು ಸರ್ಟಿಫಿಕೇಟ್‌ಗಳಲ್ಲಿ ಮಿಲಿಗ್ರಾಂ/ಲೀಟರ್ ಬದಲು ಮಿಲಿಗ್ರಾಂ/ಗ್ರಾಂ ಇರುತ್ತದೆ. ಹಾಗಿದ್ದರೆ ಪಿಪೆಟ್ ಬಿಟ್ಟು ತಕ್ಕಡಿಯಲ್ಲಿ ತೂಗಿ ಡೈಲ್ಯೂಟ್ ಮಾಡುವುದೇ ವಾಸಿ. ಪುಡಿ ರೂಪದ ಸಿಆರ್‌ಎಂ ಆದರೆ ಒಣಗಿಸುವ ವಿಧಾನ ಮತ್ತು ಒಂದು ಸಲಕ್ಕೆ ಕನಿಷ್ಠ ಎಷ್ಟು ತೆಗೆದುಕೊಳ್ಳಬೇಕು ಅನ್ನುವುದೂ ಬರೆದಿರುತ್ತದೆ. ಆ ಕನಿಷ್ಠಕ್ಕಿಂತ ಕಡಿಮೆ ತೂಗಿದರೆ ಸರ್ಟಿಫಿಕೇಟ್‌ನ ಬೆಲೆ ನಿಮಗೆ ಅನ್ವಯಿಸುವುದಿಲ್ಲ. ಅವಧಿ ಮುಗಿಯುವ ದಿನ ಹೇಗೂ ನೋಡುತ್ತೀರಿ.

ಬಾಟಲಿ ತೆರೆಯುವುದು, ಓಡಿಸುವುದು

ಫ್ರಿಜ್‌ನಿಂದ ತೆಗೆದ ಬಾಟಲಿ ಕೋಣೆಯ ಬಿಸಿಗೆ ಬರಲಿ. ಅವಸರ ಮಾಡಬೇಡಿ, ತಣ್ಣಗಿರುವಾಗ ಪಿಪೆಟ್ ಮಾಡಿದರೆ ಅಳತೆ ತಪ್ಪುತ್ತದೆ. ತಲೆಕೆಳಗು ಮಾಡಿ ಮೆಲ್ಲಗೆ ಕಲಕಿ. ಬಾಟಲಿಯೊಳಗೆ ಪಿಪೆಟ್ ಅದ್ದಬೇಡಿ, ಒಂದು ಪುಟ್ಟ ಪ್ಲಾಸ್ಟಿಕ್ ಬೀಕರ್‌ಗೆ ಸುರಿದುಕೊಂಡು ಅಲ್ಲಿಂದ ತೆಗೆಯಿರಿ, ಉಳಿದದ್ದನ್ನು ಚೆಲ್ಲಿ. ದುಡ್ಡು ಕೊಟ್ಟದ್ದು ಅಂತ ವಾಪಸ್ ಸುರಿದಿರೋ, ಆ ಬಾಟಲಿಯ ಕಥೆ ಅಲ್ಲಿಗೆ ಮುಗಿಯಿತು. ತೆರೆದ ದಿನಾಂಕ ಬಾಟಲಿ ಮೇಲೆ ಬರೆಯಿರಿ. ಮುಚ್ಚಿಡುವಾಗ ಬಾಟಲಿಯ ತೂಕ ಬರೆದಿಟ್ಟು, ಮುಂದಿನ ಸಲ ತೆರೆಯುವ ಮುಂಚೆ ಮತ್ತೆ ತೂಗಿ ನೋಡುವ ಅಭ್ಯಾಸ ನನಗಿದೆ. ತೂಕ ಇಳಿದಿದ್ದರೆ ನೀರು ಆವಿಯಾಗಿದೆ, ದ್ರಾವಣ ಗಟ್ಟಿಯಾಗಿದೆ ಅಂತ ಅರ್ಥ. ಫ್ಲೋರೈಡ್ ವಿಷಯದಲ್ಲಿ ಗಾಜಿನ ಬಾಟಲಿಯಲ್ಲಿ ಏನನ್ನೂ ಇಡಬೇಡಿ, ಪ್ಲಾಸ್ಟಿಕ್ಕೇ ಆಗಬೇಕು.

ಸಿಆರ್‌ಎಂ ಅನ್ನು ಸ್ಯಾಂಪಲ್ ತರಹವೇ ನಡೆಸಿಕೊಳ್ಳಿ. ಅದಕ್ಕೆ ವಿಶೇಷ ಮರ್ಯಾದೆ ಬೇಡ. ಹಳ್ಳಿಯ ನೀರಿಗೆ ಎಷ್ಟು ಟಿಸ್ಯಾಬ್ ಹಾಕುತ್ತೀರೋ ಅಷ್ಟೇ, ಎಷ್ಟು ಹೊತ್ತು ಕಾಯುತ್ತೀರೋ ಅಷ್ಟೇ ಹೊತ್ತು. ಆಡಿಟ್ ದಿನ ಎಲೆಕ್ಟ್ರೋಡ್ ತಿಕ್ಕಿ ತೊಳೆದು ಬರೀ ಸಿಆರ್‌ಎಂ ಓಡಿಸಿದರೆ ಏನು ಬಂತು?

ಸ್ಟ್ಯಾಂಡರ್ಡ್‌ಗಳನ್ನು ಕಡಿಮೆಯಿಂದ ಜಾಸ್ತಿಗೆ ಓದಿ. 25 ಡಿಗ್ರಿಯಲ್ಲಿ ಸಾಂದ್ರತೆ ಹತ್ತು ಪಟ್ಟು ಏರಿದರೆ ಮಿಲಿವೋಲ್ಟ್ ಸುಮಾರು 59 ಇಳಿಯಬೇಕು. ಇಲ್ಲಿ ಒಂದು ಮಾತು ನೆನಪಿಡಿ, ನಾನು ತಡವಾಗಿ ಕಲಿತದ್ದು: ಈ ಎಲೆಕ್ಟ್ರೋಡ್‌ನಲ್ಲಿ 1 ಮಿಲಿವೋಲ್ಟ್ ತಪ್ಪಿದರೆ ಸಾಂದ್ರತೆಯಲ್ಲಿ ಸುಮಾರು 4% ತಪ್ಪುತ್ತದೆ. ಮ್ಯಾಗ್ನೆಟಿಕ್ ಸ್ಟರರ್ ಒಂದು ಗಂಟೆ ಓಡಿದರೆ ಮೇಲೆ ಕೂತ ಬೀಕರ್ ಬೆಚ್ಚಗಾಗುತ್ತದೆ, ಓದಿಕೆ ಜಾರುತ್ತದೆ. ಬೀಕರ್ ಕೆಳಗೆ ಒಂದು ಥರ್ಮೋಕೋಲ್ ತುಂಡು ಇಡಿ, ಖರ್ಚಿಲ್ಲದ ಉಪಾಯ.

ಈಗ ಲೆಕ್ಕ. ಸರ್ಟಿಫಿಕೇಟ್‌ನಲ್ಲಿ 1.20 ± 0.04, ಕೆ = 2 ಅಂತ ಇದೆ ಅಂದುಕೊಳ್ಳಿ. ನೀವು ಬೇರೆ ಬೇರೆ ದಿನ ಆರು ಸಲ ಓದಿದಿರಿ: 1.25, 1.31, 1.28, 1.26, 1.32, 1.26. ಸರಾಸರಿ 1.28. ಸ್ಟ್ಯಾಂಡರ್ಡ್ ಡೀವಿಯೇಷನ್ (ಓದಿಕೆಗಳು ಎಷ್ಟು ಚದುರಿವೆ ಅನ್ನುವ ಅಂಕಿ) 0.029, ಅದನ್ನು 6ರ ವರ್ಗಮೂಲದಿಂದ ಭಾಗಿಸಿದರೆ 0.012, ಇದು ನಿಮ್ಮ ಸರಾಸರಿಯ ಅನಿಶ್ಚಿತತೆ. ಬಾಟಲಿಯದು 0.04 ಭಾಗಿಸು 2, ಅಂದರೆ 0.02. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 0.023. ಅದರ ಎರಡು ಪಟ್ಟು 0.047. ನಿಮ್ಮ ಸರಾಸರಿಗೂ ಬಾಟಲಿಗೂ ಇರುವ ವ್ಯತ್ಯಾಸ 0.08. ಅದು 0.047ಕ್ಕಿಂತ ಜಾಸ್ತಿ. ಹಾಗಾಗಿ ಇದು ಆಕಸ್ಮಿಕದ ಏರಿಳಿತ ಅಲ್ಲ, ನಿಮ್ಮ ಅಳತೆ ನಿಜವಾಗಿಯೂ ಒಂದು ಕಡೆಗೆ ವಾಲಿದೆ. (ನಿಮ್ಮ ಅನಿಶ್ಚಿತತೆಯಲ್ಲಿ ಪಿಪೆಟ್, ಫ್ಲಾಸ್ಕ್‌ಗಳ ಪಾಲನ್ನೂ ಸೇರಿಸಬೇಕು. ಇಲ್ಲಿ ಲೆಕ್ಕ ಸರಳ ಇರಲಿ ಅಂತ ಬಿಟ್ಟಿದ್ದೇನೆ.)

0.08 ತಾನೇ ಅನ್ನಬೇಡಿ. ಇದು 6.7%. ನಿಜವಾಗಿ 1.45 ಇರುವ ನೀರು ನಿಮ್ಮ ರಿಪೋರ್ಟ್‌ನಲ್ಲಿ 1.55 ಆಗುತ್ತದೆ, 1.5ರ ಗೆರೆ ದಾಟುತ್ತದೆ, ಊರಿನ ಒಂದು ಬೋರ್‌ವೆಲ್ ಮುಚ್ಚುತ್ತದೆ. ವಾಲಿದ್ದು ಕಡಿಮೆಯ ಕಡೆಗಾದರೆ ಇನ್ನೂ ಕೆಟ್ಟದು, ಮುಚ್ಚಬೇಕಾದದ್ದು ತೆರೆದೇ ಇರುತ್ತದೆ. ಮೀಟರ್‌ನಲ್ಲಿ ನೋಡಿದರೆ ಈ 6.7% ಎರಡು ಮಿಲಿವೋಲ್ಟೂ ಅಲ್ಲ.

ಆಗ ಮಾಡಬಾರದ ಕೆಲಸ ಒಂದಿದೆ: ಎಲ್ಲ ಓದಿಕೆಯನ್ನೂ 1.067ರಿಂದ ಭಾಗಿಸಿ ಕೈತೊಳೆದುಕೊಳ್ಳುವುದು. ಕಾರಣ ಹುಡುಕಿ. ಓದಿಕೆ ಜಾಸ್ತಿ ಬಂದರೆ ನಿಮ್ಮ ಸ್ಟ್ಯಾಂಡರ್ಡ್ ಲೇಬಲ್‌ಗಿಂತ ತೆಳುವಾಗಿರಬಹುದು: ಒಣಗಿಸದ ಸೋಡಿಯಂ ಫ್ಲೋರೈಡ್, ತೂಕದ ತಪ್ಪು, ಅಥವಾ ನನ್ನ ಹಾಗೆ ಉಪ್ಪಿನ ಲೆಕ್ಕ. ಓದಿಕೆ ಕಡಿಮೆ ಬಂದರೆ ಸ್ಟಾಕ್ ಆವಿಯಾಗಿ ಗಟ್ಟಿಯಾಗಿರಬಹುದು, ಇಲ್ಲವೇ ಟಿಸ್ಯಾಬ್ ಕೈಕೊಟ್ಟಿರಬಹುದು. ಬಾಟಲಿ ಮೇಲೆ ಅನುಮಾನ ಕೊನೆಗೆ.

ದಿನಾ ಸಿಆರ್‌ಎಂ ಸುರಿಯುವಷ್ಟು ದುಡ್ಡು ಯಾರ ಹತ್ತಿರ ಇದೆ?

ಯಾರ ಹತ್ತಿರವೂ ಇಲ್ಲ, ಬೇಕಾಗಿಯೂ ಇಲ್ಲ. ದಿನದ ಚೆಕ್‌ಗೆ ಬೇಕಾದ ನೀರನ್ನು ಲ್ಯಾಬ್‌ನಲ್ಲೇ ಮಾಡಿಕೊಳ್ಳಿ. 1.3 ಆಸುಪಾಸು ಇರುವ ಬೋರ್‌ವೆಲ್ ನೀರು 20 ಲೀಟರ್ ಕ್ಯಾನ್‌ನಲ್ಲಿ ತನ್ನಿ. ಒಂದೆರಡು ವಾರ ಸುಮ್ಮನೆ ಬಿಡಿ, ತಳದಲ್ಲಿ ಕೂರುವುದೆಲ್ಲ ಕೂರಲಿ. ಸೋಸಿ, ಚೆನ್ನಾಗಿ ಕಲಕಿ, ಸಣ್ಣ ಪ್ಲಾಸ್ಟಿಕ್ ಬಾಟಲಿಗಳಿಗೆ ತುಂಬಿ. ಹತ್ತು ಬಾಟಲಿಗಳನ್ನು ಅಲ್ಲಲ್ಲಿಂದ ಎತ್ತಿ ಎರಡೆರಡು ಸಲ ಓದಿ. ಬಾಟಲಿ ಬಾಟಲಿಗೆ ಇರುವ ವ್ಯತ್ಯಾಸ ಒಂದೇ ಬಾಟಲಿಯ ಎರಡು ಓದಿಕೆಗಳ ವ್ಯತ್ಯಾಸದಷ್ಟೇ ಇದ್ದರೆ ಸರಿ. ಆ ದಿನ ಮೊದಲಿಗೂ ಕೊನೆಗೂ ಸಿಆರ್‌ಎಂ ಓಡಿಸಿ, ಅದು ಪಾಸ್ ಆದರೆ ಮಾತ್ರ ನಿಮ್ಮ ನೀರಿಗೆ ಬೆಲೆ ಕಟ್ಟಿ.

ಮುಂದೆ ಪ್ರತಿ ಬ್ಯಾಚ್‌ನಲ್ಲೂ ಒಂದು ಬಾಟಲಿ. ಗ್ರಾಫ್ ಹಾಳೆಯಲ್ಲಿ ಸರಾಸರಿಯ ಗೆರೆ, ಅದರ ಆಚೀಚೆ ಎರಡು ಡೀವಿಯೇಷನ್‌ಗೆ ಒಂದು, ಮೂರಕ್ಕೆ ಒಂದು ಗೆರೆ ಎಳೆಯಿರಿ. ಮೂರರ ಗೆರೆ ದಾಟಿದರೆ ಆ ಬ್ಯಾಚ್ ರಿಪೋರ್ಟ್ ಹೊರಗೆ ಹೋಗಬಾರದು. ದಾಟದೆಯೂ ಚುಕ್ಕಿಗಳು ದಿನದಿಂದ ದಿನಕ್ಕೆ ಒಂದೇ ಕಡೆ ಹತ್ತುತ್ತಿದ್ದರೆ ಏನೋ ನಡೆಯುತ್ತಿದೆ. ಬಾಟಲಿ ತಳದಲ್ಲಿ ಬಿಳಿ ಗಸಿ ಕಂಡರೆ ಚೆಲ್ಲಿ, ಹೊಸದು ಮಾಡಿ. ಇಂಥದ್ದಕ್ಕೆ ಸಿಆರ್‌ಎಂ ಅಂತ ಲೇಬಲ್ ಹಚ್ಚಬೇಡಿ, ಇದು ಮನೆಯ ಸೇರೇ.

ಕೊಂಡ ಸಿಆರ್‌ಎಂ ತಿಂಗಳಿಗೊಂದು ಸಲ ಓಡಿಸಿ. ಹೊಸ ಸ್ಟಾಕ್ ಮಾಡಿದಾಗ, ಎಲೆಕ್ಟ್ರೋಡ್ ಬದಲಿಸಿದಾಗ, ಹೊಸಬರು ಕೆಲಸಕ್ಕೆ ಬಂದಾಗಲೂ ಓಡಿಸಿ. ನಮ್ಮ ಲ್ಯಾಬ್‌ನಲ್ಲಿ ಆ 2.65 ಬಂದ ಮೇಲೆ ಮೂರು ವಾರದ ಸ್ಯಾಂಪಲ್ ಬಾಟಲಿಗಳನ್ನೆಲ್ಲ ಸ್ಟೋರ್‌ನಿಂದ ಹೊರಗೆ ತಂದು ಮತ್ತೆ ಓದಿದೆವು. ಕಳಿಸಿದ ರಿಪೋರ್ಟ್‌ಗಳಿಗೆ ಒಂದೊಂದಾಗಿ ತಿದ್ದುಪಡಿ ಬರೆದು ಕೊಟ್ಟೆವು. ಆ ಸ್ಟಾಕ್ ಬಾಟಲಿಯನ್ನು ಚೆಲ್ಲಲು ನಮ್ಮ ಸೀನಿಯರ್ ಬಿಡಲಿಲ್ಲ. 452 ಅಂತ ದಪ್ಪಕ್ಷರದಲ್ಲಿ ಬರೆದು ತಕ್ಕಡಿಯ ಪಕ್ಕದಲ್ಲೇ ಇಡಿಸಿದರು.